ಹನ್ನೆರಡನೆಯ ಕಾಲಂ

ಫಾರಂ ಮಾಸ್ತರು ನೀಲಿ ಶಾಯಿಯನ್ನು ನಂಬುತ್ತಿರಲಿಲ್ಲ. ಸರ್ಕಾರಿ ಕಾಗದದ ಮೇಲೆ ನೀಲಿ ಪೆನ್ನಿನಲ್ಲಿ ಬರೆಯುವವನು ನಾಳೆ ಬನಿಯನ್ನಿನಲ್ಲಿ ಕಚೇರಿಗೆ ಹೋಗಲಿಕ್ಕೂ ಹೇಸುವುದಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. ಅವರ ಅಂಗಿಯ ಜೇಬಿನಲ್ಲಿ ಸದಾ ಎರಡು ಕಪ್ಪು ಪೆನ್ನು. ಒಂದು ಬರೆಯುವುದಕ್ಕೆ, ಇನ್ನೊಂದು ಮೊದಲನೆಯದು ಕೈಕೊಟ್ಟರೆ ಇರಲಿ ಎಂದು.

ವೃತ್ತಿಯಿಂದ ಅವರು ಟೈಲರ್. ಪರದೇಶದ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳು ಗುಡುಗುಡು ಅನ್ನುವ ಕೋಣೆಯ ಪಕ್ಕದಲ್ಲಿ, ಹದಿನಾಲ್ಕು ವರ್ಷದಿಂದ ಸಿಬ್ಬಂದಿಯ ಸಮವಸ್ತ್ರಕ್ಕೆ ಗುಂಡಿ ಹಾಕುತ್ತ, ಊಟ ಬಡಿಸುವವರ ಹೊಟ್ಟೆ ಬೆಳೆದಂತೆಲ್ಲ ಅವರ ಪ್ಯಾಂಟಿನ ಸೊಂಟ ಬಿಚ್ಚಿ ಹೊಲಿಯುತ್ತ ಬಂದವರು. ಟೈಲರನ್ನು ಮಾಸ್ತರೇ ಎಂದು ಕರೆಯುವುದು ನಮ್ಮವರ ವಾಡಿಕೆಯಾದ್ದರಿಂದ ಮೊದಲು ಬರೀ ಮಾಸ್ತರಾಗಿದ್ದರು. ‘ಫಾರಂ’ ಎಂಬ ಬಿರುದು ಆಮೇಲೆ ಬಂತು.

ಅದನ್ನು ಅವರು ಪುಕ್ಕಟೆಯಾಗಿ ಪಡೆದದ್ದಲ್ಲ. ಬಂದ ಮೊದಲ ವರ್ಷ, ಅಲ್ಲಿ ಇರಲು ಅನುಮತಿ ಕೊಡುವ ಕಚೇರಿ ಅವರನ್ನು ಐದು ಸಲ ವಾಪಸು ಕಳಿಸಿತ್ತು. ಒಮ್ಮೆ ಫೋಟೋದಲ್ಲಿ ಕಿವಿ ಕಾಣುತ್ತಿಲ್ಲ ಎಂದು, ಒಮ್ಮೆ ಕಿವಿ ಕಂಡರೂ ಮುಖದಲ್ಲಿ ನಗು ಕಾಣುತ್ತಿದೆ ಎಂದು. ಆರನೆಯ ಸಲ ಮೊಹರು ಬಿದ್ದಾಗ ಮಾಸ್ತರು ಪದವಿ ಪಡೆದವರಂತೆ ಮೆಟ್ಟಿಲಿಳಿದರು. ಅಲ್ಲಿಂದಾಚೆಗೆ, ಅವರಿದ್ದ ಐದು ಅಂತಸ್ತಿನ ಕಟ್ಟಡಕ್ಕೆ ನಮ್ಮ ಕಡೆಯಿಂದ ಯಾರೇ ಹೊಸದಾಗಿ ಬರಲಿ, ಪೆಟ್ಟಿಗೆ ಇಳಿಸುವ ಮೊದಲೇ ಮಾಸ್ತರರ ಕೋಣೆಗೆ ಹೋಗಬೇಕೆಂಬ ಪದ್ಧತಿ ಬೆಳೆಯಿತು. ಯಾವ ಬಣ್ಣದ ಡಬ್ಬಿಗೆ ಯಾವ ಕಸ, ಹಲ್ಲಿನ ಡಾಕ್ಟರ ಹತ್ತಿರ ಬೇಗ ದಿನ ಸಿಗಬೇಕಾದರೆ ಫೋನಿನಲ್ಲಿ ಎಷ್ಟು ನರಳಬೇಕು, ಕೆಳಗಿನ ದೊಡ್ಡ ಬಾಗಿಲು ತೆರೆಯಲು ಬೀಗದ ಕೈ ತಿರುಗಿಸುವಾಗ ಭುಜ ಎಲ್ಲಿ ಒತ್ತಬೇಕು, ಎಲ್ಲಕ್ಕೂ ಮಾಸ್ತರರೇ ಗತಿ. ಅವರು ಪಾಠ ಮಾಡುತ್ತಿದ್ದುದು ನಿಂತುಕೊಂಡೇ. ಕೂತರೆ ವಿಷಯದ ತೂಕ ಕಡಿಮೆಯಾಗುತ್ತದೆ ಎಂಬ ಶಂಕೆ ಅವರಿಗೆ.

ಆ ದೇಶದ ಫಾರಂಗಳಲ್ಲಿ ಹನ್ನೆರಡನೆಯ ಕಾಲಂ ಒಂದು ಇರುತ್ತಿತ್ತು: ತುರ್ತು ಸಂದರ್ಭದಲ್ಲಿ ಯಾರನ್ನು ಸಂಪರ್ಕಿಸಬೇಕು? ನಿನ್ನೆ ಬಂದಿಳಿದವರಿಗೆ ಅಲ್ಲಿ ಯಾರು ಗೊತ್ತಿರುತ್ತಾರೆ? ಅವರು ಪೆನ್ನು ಹಿಡಿದು ಮಿಕಿಮಿಕಿ ನೋಡುವಾಗ ಮಾಸ್ತರು, “ನಂದೇ ಬರಿ, ನಾನೇನು ಓಡಿಹೋಗ್ತೀನಾ?” ಎಂದು ತಾವೇ ಪೆನ್ನು ಕಸಿದುಕೊಂಡು ಬರೆದುಬಿಡುತ್ತಿದ್ದರು. ಹೀಗೆ ಆ ಊರಿನ ಕಾರ್ಖಾನೆ, ಆಸ್ಪತ್ರೆ, ಕಚೇರಿಗಳಲ್ಲಿ ಒಟ್ಟು ನಲವತ್ತೊಂದು ಕಡೆ ಅವರ ಫೋನ್ ನಂಬರಿತ್ತು. “ನಾಳೆ ಭೂಕಂಪ ಆದ್ರೆ ಮೊದಲು ಹೊಡ್ಕೊಳ್ಳೋದು ನನ್ನ ಫೋನೇ” ಎಂದು ಅವರು ಹೇಳುವಾಗ ಭೂಕಂಪ ಆದರೂ ಚಿಂತೆಯಿಲ್ಲ ಎನ್ನುವ ಠೀವಿ ಇರುತ್ತಿತ್ತು.

ಅವರ ಫೋನಿನಲ್ಲಿ ಮಾತ್ರ ಯಾರ ಹೆಸರೂ ಇರಲಿಲ್ಲ. ‘ಬೀಗ’, ‘ಹಲ್ಲುನೋವು’, ‘ಬಸ್ ಪಾಸು’, ‘ಸೋರುವ ನಲ್ಲಿ’ ಎಂದು, ಯಾರು ಯಾವ ಕಷ್ಟ ಹೊತ್ತು ಬಂದರೋ ಆ ಕಷ್ಟವನ್ನೇ ಬರೆದಿಟ್ಟುಕೊಂಡಿದ್ದರು. ಹುಡುಕುವುದಕ್ಕೆ ಅದೇ ಸುಲಭವಂತೆ.

ಇಂಥ ಮಾಸ್ತರರ ಎಡಗಣ್ಣಿಗೆ ಪೊರೆ ಬಂತು. ಬಲಗಣ್ಣು ಮೊದಲಿನಿಂದಲೂ ಅಷ್ಟಕ್ಕಷ್ಟೆ. ಸೂಜಿಗೆ ದಾರ ಪೋಣಿಸುವ ಕೆಲಸವೆಲ್ಲ ಎಡಗಣ್ಣಿನದ್ದು. ಏಳೆಂಟು ತಿಂಗಳು ಯಾರಿಗೂ ಹೇಳದೆ ತಳ್ಳಿದರು. ಆದರೆ ಒಂದು ದಿನ ಬಾಗಿಲು ಕಾಯುವವನ ಕಪ್ಪು ಕೋಟಿನ ತೋಳನ್ನು ನೀಲಿ ದಾರದಲ್ಲಿ ಹೊಲಿದು ಕಳಿಸಿದರು. ಹೌದು, ನೀಲಿ. ಮೇಲ್ವಿಚಾರಕಿ ಕೋಟನ್ನು ದೀಪದ ಕೆಳಗೆ ಹಿಡಿದು ತೋರಿಸಿದಾಗ ಮಾಸ್ತರರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಕಣ್ಣು ಸರಿಮಾಡಿಸ್ಕೊಂಡು ಬನ್ನಿ. ಅಲ್ಲಿವರೆಗೂ ದಿಂಬಿನ ಕವರ್ ಮಡಚ್ತಾ ಇರಿ” ಅಂದಳು ಆಕೆ. “ತಿಂಗಳ ಕೊನೆಗೂ ಹೀಗೇ ಇದ್ರೆ ನಿಮ್ಮ ಹೊಲಿಗೆ ಯಂತ್ರದ ಮುಂದೆ ಬೇರೆಯವರನ್ನ ಕೂರಿಸಬೇಕಾಗುತ್ತೆ. ನನ್ನ ಕೈಲಿ ಏನೂ ಇಲ್ಲ.”

ಆಸ್ಪತ್ರೆಯಲ್ಲಿ ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ದಿನ ಸಿಕ್ಕಿತು. ಊರಿನಿಂದ ಹೆಂಡತಿ ಫೋನಿನಲ್ಲಿ ಕೇಳಿದಳು:

“ಜೊತೆಗೆ ಯಾರು ಬರ್ತಾರೆ?”

“ಯಾರ್ಯಾಕೆ ಬರಬೇಕು? ಅರ್ಧ ಗಂಟೆ ಕೆಲಸ.”

“ಒಬ್ಬರನ್ನಾದ್ರೂ ಕರ್ಕೊಳಿ ಅಂದ್ರೆ.”

“ಕರೆದ್ರೆ ಇಡೀ ಬಿಲ್ಡಿಂಗೇ ಬರುತ್ತೆ ಕಣೇ. ಆಸ್ಪತ್ರೆಲಿ ಜಾಗ ಸಾಲಲ್ಲ.”

“ಬರಲಿ ಬಿಡಿ. ಬಂದವರನ್ನ ಸಾಲಾಗಿ ಕೂರಿಸಿ ಫಾರಂ ತುಂಬಿಸ್ಕೊಡಿ, ನಿಮಗೂ ಹೊತ್ತು ಹೋಗುತ್ತೆ.”

ಮಾಸ್ತರು ನಕ್ಕು ಫೋನಿಟ್ಟರು. ಯಾರಿಗೂ ಹೇಳಲಿಲ್ಲ. ಹೇಳುವುದು ಹೇಗೆಂದೇ ಅವರಿಗೆ ತಿಳಿದಿರಲಿಲ್ಲ ಎಂದರೂ ತಪ್ಪಲ್ಲ.

ಗುರುವಾರ ಆಸ್ಪತ್ರೆಯ ಗಾಜಿನ ಕಿಂಡಿಯ ಮುಂದೆ ನರ್ಸು ಕೊಟ್ಟ ಫಾರಮನ್ನು ಮಾಸ್ತರು ಮೂಗಿಗೆ ತಗುಲುವಷ್ಟು ಹತ್ತಿರ ಹಿಡಿದು, ಕಪ್ಪು ಪೆನ್ನು ತೆಗೆದು, ಐದು ನಿಮಿಷದಲ್ಲಿ ಮುಗಿಸಿದರು. ಒಂದು ಕಾಟಿಲ್ಲ, ಚಿತ್ತಿಲ್ಲ. ಒಪ್ಪಿಸಿ, ಎದುರಿನ ಬೆಂಚಿನಲ್ಲಿ ಕೂತು, ಇಂಥ ಫಾರಂ ಈ ಆಸ್ಪತ್ರೆ ಈ ವರ್ಷ ನೋಡಿರಲಾರದು ಎಂದು ಮನಸ್ಸಿನಲ್ಲೇ ಬೀಗುತ್ತಿರುವಾಗ ಚೀಲದಲ್ಲಿ ಫೋನು ಹೊಡೆದುಕೊಂಡಿತು.

“ಹಲೋ, ಆಸ್ಪತ್ರೆಯಿಂದ ಮಾತಾಡ್ತಿರೋದು. ನಿಮ್ಮವರೊಬ್ಬರಿಗೆ ಆಪರೇಷನ್ ಇದೆ. ಮುಗಿದ ಮೇಲೆ ಮನೆಗೆ ಕರ್ಕೊಂಡು ಹೋಗೋಕೆ ಬರ್ತೀರಾ?”

ಮಾಸ್ತರು ಎದ್ದು ನಿಂತರು. ನಲವತ್ತೊಂದು ಜನರಲ್ಲಿ ಯಾರಿಗೆ ಏನಾಯಿತಪ್ಪಾ! “ಬರ್ತೀನಿ, ಖಂಡಿತ ಬರ್ತೀನಿ. ಗಾಬರಿ ಆಗಬೇಡಿ ಅಂತ ಅವರಿಗೆ ಹೇಳಿ. ಯಾವ ಆಸ್ಪತ್ರೆ?”

ಗಾಜಿನ ಆಚೆ ಫೋನು ಕಿವಿಗೆ ಹಿಡಿದು ನರ್ಸು, ಈಚೆ ಫೋನು ಕಿವಿಗೆ ಹಿಡಿದು ಇವರು, ಒಬ್ಬರನ್ನೊಬ್ಬರು ನೋಡಿದರು. ಹನ್ನೆರಡನೆಯ ಕಾಲಂ ಬಂದ ಕೂಡಲೇ ಕೈ ತನ್ನ ಪಾಡಿಗೆ ತಾನು ಹದಿನಾಲ್ಕು ವರ್ಷದ ರೂಢಿಯಂತೆ ಮಾಸ್ತರರ ಹೆಸರು, ಮಾಸ್ತರರ ನಂಬರು ಬರೆದಿತ್ತು. ಸಂಬಂಧ ಎಂಬಲ್ಲಿ ‘ಹಿತೈಷಿ’ ಎಂದಿತ್ತು.

“ಇದು ನೀವೇ ಅಲ್ವಾ?” ಅಂದಳು ನರ್ಸು, ಫೋನಿನಲ್ಲೇ.

“ಅಭ್ಯಾಸ ಬಲ” ಅಂದರು ಮಾಸ್ತರು, ಅವರೂ ಫೋನಿನಲ್ಲೇ.

ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಸಹಿ ಹಾಕಿ ಮನೆಗೆ ಕರೆದೊಯ್ಯುವವರು ಒಬ್ಬರಿಲ್ಲದೆ ಆಪರೇಷನ್ ಇಲ್ಲ, ಅದು ನಿಯಮ. ಇವತ್ತು ತಪ್ಪಿದರೆ ಮತ್ತೆ ದಿನ ಸಿಗುವುದು ಏಳು ವಾರಕ್ಕೆ. “ನಿಮ್ಮನ್ನ ಕೊನೆಯವರಾಗಿ ಹಾಕ್ತೀನಿ. ಹನ್ನೊಂದರೊಳಗೆ ಯಾರಾದ್ರೂ ಬರಬೇಕು.”

ನಿಯಮದ ವಿರುದ್ಧ ವಾದಿಸುವ ಜಾಯಮಾನ ಮಾಸ್ತರರದ್ದಲ್ಲ. ಬೆಂಚಿಗೆ ವಾಪಸಾಗಿ ಫೋನು ತೆರೆದರು. ಮೊದಲು ಕಣ್ಣಿಗೆ ಬಿದ್ದದ್ದು ‘ಬೀಗ’. ಮೂರನೆಯ ಮಹಡಿಯಲ್ಲಿರುವ ಲಾರಿ ಡ್ರೈವರು.

“ಮಾಸ್ತರೇ! ನೂರು ವರ್ಷ ಆಯಸ್ಸು ನಿಮಗೆ! ಈಗಷ್ಟೇ ನೆನೆಸ್ಕೊಂಡೆ” ಎಂದು ಡ್ರೈವರು ಶುರುಮಾಡಿದ. ಬೀಗದ ಕೈ ಮತ್ತೆ ಅರ್ಧಕ್ಕೇ ಸಿಕ್ಕಿಕೊಂಡಿದೆ, ಮನೆ ಮಾಲೀಕ ಕೇಳಿಸಿಕೊಳ್ಳುತ್ತಿಲ್ಲ, ಏನು ಮಾಡುವುದು? ಮಾಸ್ತರು ತಮಗರಿವಿಲ್ಲದೆ ಎದ್ದು ನಿಂತರು. ಪೆನ್ಸಿಲಿನ ಮೊನೆಯನ್ನು ಬೀಗದ ಕೈಗೆ ಉಜ್ಜುವುದರಿಂದ ಹಿಡಿದು ಮಾಲೀಕನಿಗೆ ಬರೆಯಬೇಕಾದ ಪತ್ರದ ಒಕ್ಕಣೆಯವರೆಗೆ ಆರು ನಿಮಿಷ ಹೇಳಿದರು.

“ದೇವರಂಥೋರು ನೀವು. ಅಂದಹಾಗೆ ಯಾಕೆ ಫೋನ್ ಮಾಡಿದ್ರಿ?”

“ಸುಮ್ನೆ. ಹೇಗಿದ್ದೀಯ ಅಂತ.”

‘ಹಲ್ಲುನೋವು’ ಫೋನು ಎತ್ತಲಿಲ್ಲ. ‘ಬಸ್ ಪಾಸು’ ಎತ್ತಿ, ಪಾಸು ನವೀಕರಿಸಲು ಈ ಸಲ ಫೋಟೋ ಬೇಕೇ ಎಂದು ಕೇಳಿ, ಬೇಕು ಎಂಬ ಉತ್ತರ ಪಡೆದು, ಸಂತೋಷದಿಂದ ಇಟ್ಟುಬಿಟ್ಟ. ನೆರವು ಕೋರಿ ಸಲ್ಲಿಸುವ ಅರ್ಜಿಯೆಂದು ಒಂದಿದ್ದರೆ ಮಾಸ್ತರು ಮೂರು ಪ್ರತಿಯಲ್ಲಿ ತುಂಬಿ ಕೊಟ್ಟುಬಿಡುತ್ತಿದ್ದರು. ಬಾಯಿಬಿಟ್ಟು ಕೇಳುವುದು ಮಾತ್ರ ಗಂಟಲಿನಲ್ಲಿ ಗುಂಡಿಯ ಹಾಗೆ ಸಿಕ್ಕಿಕೊಳ್ಳುತ್ತಿತ್ತು. ಗೋಡೆಯ ಗಡಿಯಾರ ಹತ್ತೂಮುಕ್ಕಾಲಿಗೆ ಹತ್ತಿರವಾಗಿತ್ತು. ಕೊನೆಗೆ ‘ಸೋರುವ ನಲ್ಲಿ’ಯನ್ನು ಒತ್ತಿದರು. ಎರಡನೆಯ ಮಹಡಿಯ ಹೆಂಗಸು. ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುವ ಕೆಲಸ ಅವಳದ್ದು.

“ಏನಣ್ಣಾ?”

“ಏನಿಲ್ಲಮ್ಮ, ನಿನ್ನ ನಲ್ಲಿ ಹೇಗಿದೆ?”

“ನಲ್ಲಿನಾ? ಅದು ಸರಿಹೋಗಿ ಎರಡು ವರ್ಷ ಆಯ್ತಲ್ಲ.” ಒಂದು ಕ್ಷಣ ಬಿಟ್ಟು, “ಅಣ್ಣಾ, ಹಿಂದೆ ನಂಬರ್ ಕೂಗ್ತಿದ್ದಾರೆ. ಆಸ್ಪತ್ರೆಲಿದ್ದೀರಾ? ಯಾರಿಗೆ ಏನಾಯ್ತು?”

“ನಂಗೇ ಕಣಮ್ಮ” ಅಂದರು ಮಾಸ್ತರು. ಅಷ್ಟು ಹೇಳುವುದರೊಳಗೆ ಹಣೆಯಲ್ಲಿ ಬೆವರು. “ಕಣ್ಣು. ಒಬ್ಬರು ಬಂದು ಸಹಿ ಹಾಕ್ಬೇಕಂತೆ.”

“ಎಷ್ಟೊತ್ತಿಗೆ?”

“ಹನ್ನೊಂದರೊಳಗೆ.”

“ಅಯ್ಯೋ ನಿಮ್ಮ! ಹತ್ತು ನಲವತ್ತಕ್ಕೆ ಹೇಳ್ತಾರಾ ಇದನ್ನ?” ಎಂದವಳೇ ಇಟ್ಟುಬಿಟ್ಟಳು.

ಹನ್ನೊಂದಕ್ಕೆ ಮೂರು ನಿಮಿಷವಿದ್ದಾಗ ಒದ್ದೆ ತಲೆಯನ್ನು ಹಾಗೇ ಗಂಟು ಹಾಕಿಕೊಂಡು ಏದುಸಿರು ಬಿಡುತ್ತ ಬಂದಳು. ಕಿಂಡಿಯ ಮುಂದೆ ನಿಂತು ತನ್ನ ಚೀಲದಿಂದ ಪೆನ್ನು ತೆಗೆದಳು. ನೀಲಿ ಪೆನ್ನು. ಮಾಸ್ತರು ಬಾಯಿ ತೆರೆದರು. ಮುಚ್ಚಿದರು.

“ಸಂಬಂಧ?” ನರ್ಸು ಕೇಳಿದಳು.

“ತಂಗಿ” ಅಂದಳು ಅವಳು, ಬರೆಯುತ್ತಲೇ.

“ನೋಡಮ್ಮ, ಅಲ್ಲಿ ನೆರೆಹೊರೆ ಅಂತ ಬರೀಬೇಕು. ಮಾಹಿತಿ ತಪ್ಪಾದ್ರೆ ನಾಳೆ...”

“ಅಣ್ಣಾ, ಸುಮ್ನೆ ಕೂತ್ಕೊಳಿ.”

ಮಾಸ್ತರು ಕೂತುಕೊಂಡರು. ಯಾರದೋ ಮಾತಿಗೆ ಕೂತುಕೊಂಡು ಬಹಳ ವರ್ಷವಾಗಿತ್ತು.

ಆಪರೇಷನ್ ನಿಜಕ್ಕೂ ಅರ್ಧ ಗಂಟೆಯದ್ದೇ. ತೂತು ತೂತಿನ ಪ್ಲಾಸ್ಟಿಕ್ ಮುಚ್ಚಳವೊಂದನ್ನು ಕಣ್ಣಿಗೆ ಅಂಟಿಸಿಕೊಂಡು, ಅವಳ ಮೊಣಕೈ ಹಿಡಿದು ಮನೆ ಸೇರಿದರು. ಒಂದು ಹಗಲು ಒಂದು ರಾತ್ರಿ ಜೊತೆಗೊಬ್ಬರಿರಬೇಕು, ಎರಡು ಗಂಟೆಗೊಮ್ಮೆ ಔಷಧದ ಹನಿ ಬಿಡಬೇಕು ಎಂದಿತ್ತು ಆಸ್ಪತ್ರೆಯ ಕಾಗದ. ಅವಳು ಎರಡು ಗಂಟೆಯ ಹನಿ ಬಿಟ್ಟು, ಊಟ ಮುಚ್ಚಿಟ್ಟು, ಗಡಿಯಾರ ನೋಡಿದಳು. ಮೂರಕ್ಕೆ ಮುದುಕಿಯ ಮನೆಗೆ ಹೋಗಬೇಕು, ವಾಪಸು ಬರುವುದು ಮರುದಿನ ಬೆಳಿಗ್ಗೆ.

“ಇನ್ಯಾರಾದ್ರೂ ಬರ್ತಾರಾ ಅಣ್ಣಾ?”

“ಬರ್ತಾರೆ ಬರ್ತಾರೆ. ನೀನು ಹೊರಡು, ಬಸ್ಸು ತಪ್ಪುತ್ತೆ.”

ಬಾಗಿಲು ಮುಚ್ಚಿದ ಮೇಲೆ ಕೋಣೆ ಇದ್ದುದಕ್ಕಿಂತ ದೊಡ್ಡದಾಯಿತು. ಒಂದು ಮಂಚ, ಒಂದು ಮೇಜು, ಮೇಜಿನ ಮೇಲೆ ಎರಡು ಅಳತೆಯ ಫೋಟೋಗಳು, ಗೋಂದು, ಖಾಲಿ ಫಾರಂಗಳ ಕಟ್ಟು. ಬಂದವರಿಗೆಂದು ಇಟ್ಟ ಎರಡು ಕುರ್ಚಿ. ನಾಲ್ಕು ಗಂಟೆಗೆ ಮಾಸ್ತರು ಕಣ್ಣಿನ ಮುಚ್ಚಳ ತೆಗೆದು ಔಷಧದ ಸೀಸೆ ಹಿಡಿದರು. ಮೂವತ್ತು ವರ್ಷ ಸೂಜಿಯ ಕಣ್ಣಿಗೆ ಗುರಿಯಿಟ್ಟವರು, ತಮ್ಮ ಕಣ್ಣಿಗೆ ಗುರಿಯಿಡಲಾರದೆ ಹೋದರು. ಮೊದಲ ಹನಿ ಮೂಗಿಗೆ, ಎರಡನೆಯದು ಕಿವಿಯ ಬುಡಕ್ಕೆ, ಮೂರನೆಯದೂ ನಾಲ್ಕನೆಯದೂ ಕೆನ್ನೆಯ ಮೇಲೆ ಇಳಿದವು. ನೋಡಿದವರು ತಪ್ಪು ತಿಳಿಯುತ್ತಿದ್ದರು. ನೋಡಲು ಯಾರೂ ಇರಲಿಲ್ಲ.

ಆರು ಗಂಟೆಗೆ ಬಾಗಿಲು ಬಡಿದ ಸದ್ದು. ಲಾರಿ ಡ್ರೈವರು. ಎರಡನೆಯ ಮಹಡಿಯವಳು ಹೋಗುವಾಗ ಅವನ ಬಾಗಿಲು ತಟ್ಟಿ ಹೇಳಿ ಹೋಗಿದ್ದಳು.

“ಬೆಳಿಗ್ಗೆ ಅಷ್ಟೊತ್ತು ನನ್ನ ಬೀಗದ ಪುರಾಣ ಕೇಳಿದ್ರಲ್ಲ ಮಾಸ್ತರೇ, ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?” ಎಂದು ಬೈಯುತ್ತಲೇ, ಬಾಳೆಗೊನೆಯಂಥ ಕೈಯಲ್ಲಿ ಅವರ ಗಲ್ಲ ಮೇಲೆತ್ತಿ, ಒಂದೇ ಏಟಿಗೆ ಹನಿ ಬಿಟ್ಟ. ಆಮೇಲೆ ತಲೆ ಕೆರೆದುಕೊಂಡು ಹಿಂದಿನ ಜೇಬಿನಿಂದ ಮಡಚಿದ ಫಾರಂ ಒಂದನ್ನು ತೆಗೆದ. “ಹೇಗೂ ಬಂದಿದ್ದೀನಲ್ಲ, ಇದೊಂದು...”

ಮಾಸ್ತರರಿಗೆ ಕೋಪ ಬರಬೇಕಿತ್ತು. ಹಾಯೆನಿಸಿತು. ಅವನು ಓದುತ್ತ ಹೋದ, ಇವರು ಹೇಳುತ್ತ ಹೋದರು.

“ಹನ್ನೆರಡು ನಿಮ್ಮದೇ ತಾನೆ?”

“ನಂದೇ ಬರಿ.”

ಅವನು ಏಳುವಾಗ ಮಾಸ್ತರು ಕೆಮ್ಮಿದರು. ಅಂಗಿಯ ಜೇಬಿನ ಪೆನ್ನು ಮುಟ್ಟಿ ನೋಡಿಕೊಂಡರು. “ಎಂಟಕ್ಕೆ ಇನ್ನೊಂದು ಹನಿ ಇದೆ. ಬರೋಕಾಗುತ್ತಾ?”

“ಅಯ್ಯೋ, ಎಂಟಕ್ಕೆ ನಾನು ಲೋಡು ಹಾಕ್ಕೊಂಡು ರಸ್ತೆ ಮೇಲಿರ್ತೀನಲ್ಲ. ಮೊದಲೇ ಗೊತ್ತಿದ್ರೆ ಬದಲಿ ನೋಡ್ತಿದ್ದೆ.” ಅವನ ಮುಖ ನಿಜವಾಗಿಯೂ ಸಣ್ಣಗಾಯಿತು.

“ಇರಲಿ, ಇರಲಿ. ಕೇಳಿದೆ ಅಷ್ಟೆ.”

ಎಂಟಕ್ಕೆ ಹತ್ತು ನಿಮಿಷವಿದ್ದಾಗ ಹೆಂಡತಿಯ ಫೋನು ಬಂತು.

“ಹೇಗಾಯ್ತು? ಜೊತೆಗೆ ಯಾರಿದ್ದಾರೆ?”

ಇಡೀ ಬಿಲ್ಡಿಂಗ್ ಇದೆ ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಮಾಸ್ತರು ಖಾಲಿ ಕುರ್ಚಿಗಳನ್ನು ನೋಡಿದರು. ಎಡಗಣ್ಣಿನ ಮಂಜಿನಲ್ಲಿ ಎರಡು ನಾಲ್ಕಾಗಿ ಕಾಣುತ್ತಿದ್ದವು.

“ಈಗ ಯಾರೂ ಇಲ್ಲ ಕಣೇ.”

ಅವಳು ಹಂಗಿಸಬಹುದಿತ್ತು, ಅದಕ್ಕೆ ಬೇಕಾದ ಸಾಮಗ್ರಿ ಹದಿನಾಲ್ಕು ವರ್ಷದ್ದಿತ್ತು.

“ಹನಿ ಬಿಡೋದು ಯಾರು ಮತ್ತೆ?”

“ನಾನೇ ಬಿಟ್ಕೊಂಡೆ. ಕೆನ್ನೆಗೆ.”

“ಫೋನ್ ಇಡಬೇಡಿ. ಸ್ಪೀಕರ್‌ಗೆ ಹಾಕಿ ಮೇಜಿನ ಮೇಲಿಡಿ. ಮಂಚದ ಮೇಲೆ ಮಲಗಿ, ಕೂತು ಬಿಡೋದಲ್ಲ ಅದು. ಮಲಗಿದ್ರಾ? ಎಡಗೈಲಿ ಕೆಳಗಿನ ರೆಪ್ಪೆ ಹಿಡೀರಿ, ಜೇಬಿನ ಬಾಯಿ ಬಿಡಿಸ್ತೀರಲ್ಲ, ಹಾಗೆ. ಬಿಡಿ ಈಗ. ಬಿತ್ತಾ?”

“ಇಲ್ಲ.”

“ಕೈ ಹಣೆಗೆ ಊರ್ಕೊಳಿ. ಇನ್ನೊಂದ್ಸಲ. ಬಿತ್ತಾ?”

ತಣ್ಣಗೆ ಒಂದು ಹನಿ ಸರಿಯಾದ ಜಾಗದಲ್ಲಿ ಬಿದ್ದು ಉರಿಯಿತು.

“ಬಿತ್ತು” ಅಂದರು ಮಾಸ್ತರು. ಕಣ್ಣು ಮುಚ್ಚಿಕೊಂಡೇ ಮಲಗಿದ್ದರು. ಮೇಜಿನ ಮೇಲಿನ ಫೋನಿನಿಂದ ಊರಿನ ಮನೆಯ ಫ್ಯಾನಿನ ಕಿರಿಕಿರಿ ಸದ್ದು ಬರುತ್ತಿತ್ತು. ಅದಕ್ಕೊಂದಿಷ್ಟು ಎಣ್ಣೆ ಬಿಡಿಸಬೇಕು ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ.

“ಹತ್ತಕ್ಕೆ ಇನ್ನೊಂದಿದೆ” ಅಂದರು.

“ಎದ್ದಿರ್ತೀನಿ” ಅಂದಳು.