ಗಟ್ಟಿ ಬೋರ್ಡು, ಮೇಲಿನ ಲಿಫ್ಟು

ನನ್ನ ಮಗಳು ನನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡುವುದು ಲಿಫ್ಟಿನಲ್ಲಿ ಮಾತ್ರ. ಅಪಾರ್ಟ್‌ಮೆಂಟಿನ ಲಿಫ್ಟಲ್ಲ, ಹಿಮದ ಬೆಟ್ಟದಲ್ಲಿ, ತಂತಿಗೆ ಜೋತುಬಿಟ್ಟ ಕುರ್ಚಿಯಲ್ಲಿ ಕೂತು ಮೇಲೇರುವ ಲಿಫ್ಟು. ಟೋಕಿಯೋದಲ್ಲಿ, ಎಡೋಗಾವಾದ ನಮ್ಮ ಮನೆಯಲ್ಲಿ ಅವಳಿಗೊಂದು ಕೋಣೆಯಿದೆ, ಕೋಣೆಗೊಂದು ಬಾಗಿಲಿದೆ, ಆ ಬಾಗಿಲು ಸದಾ ಮುಚ್ಚಿರುತ್ತದೆ. ಹದಿಮೂರು ತುಂಬಿದ ಮೇಲಂತೂ ನಾನು ಕನ್ನಡದಲ್ಲಿ ಎಷ್ಟುದ್ದ ಕೇಳಿದರೂ ಇಂಗ್ಲಿಷಿನಲ್ಲಿ ಒಂದು ಪದ, ಜಪಾನಿಯಲ್ಲಿ ಅರ್ಧ ಪದ ಎಸೆದು ಒಳಗೆ ಹೋಗುತ್ತಾಳೆ. ಕುರ್ಚಿ ಲಿಫ್ಟಿನಲ್ಲಿ ಕೂತಾಗ ಹಾಗೆ ಎದ್ದು ಹೋಗುವಂತಿಲ್ಲ. ದಪ್ಪ ಕೈಗವಸಿನಲ್ಲಿ ಫೋನು ಒತ್ತುವಂತಿಲ್ಲ. ಇಬ್ಬರೂ ಎದುರಿನ ಬೆಟ್ಟ ನೋಡುತ್ತಿರುವುದರಿಂದ ಒಬ್ಬರ ಮುಖ ಒಬ್ಬರು ನೋಡುವ ಕಷ್ಟವೂ ಇಲ್ಲ. ಅಲ್ಲಿ ಅವಳ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಯಾವ ಗೆಳತಿ ಯಾರ ಜೊತೆ ಮಾತು ಬಿಟ್ಟಳು, ನಾನು ಕಟ್ಟಿಕೊಡುವ ಚಿತ್ರಾನ್ನದ ಡಬ್ಬಿಯನ್ನು ಅವಳು ಶಾಲೆಯಲ್ಲಿ ಯಾಕೆ ತೆರೆಯುವುದಿಲ್ಲ, ಇವೆಲ್ಲ ನನಗೆ ಗೊತ್ತಾದದ್ದು ಆ ಕುರ್ಚಿಯಲ್ಲಿ.

ಹಾಗಾಗಿ ಚಳಿಗಾಲ ಬಂದರೆ ಶನಿವಾರ ಬೆಳಿಗ್ಗೆ ಹಿಮ ಬೀಳುವ ನೀಗಾಟಾ ಕಡೆಯ ರೈಲು ಹತ್ತುವುದನ್ನು ನಾನು ತಪ್ಪಿಸುತ್ತಿರಲಿಲ್ಲ. ನನ್ನ ಗಂಡನೂ ಬರುತ್ತಾರೆ. ಮೊದಲ ವರ್ಷ ಒಂದೇ ಒಂದು ಸಲ ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿಯುವ ಸ್ನೋಬೋರ್ಡ್ ಕಟ್ಟಿಕೊಂಡು ಬಿದ್ದು, ಸೊಂಟ ಹಿಡಿದುಕೊಂಡು ಎದ್ದವರು, ಅಂದಿನಿಂದ ಬೆಟ್ಟದ ಬುಡದ ಊಟದ ಹಾಲಿನಲ್ಲಿ ಕಿಟಕಿ ಪಕ್ಕದ ಮೇಜು ಹಿಡಿದು, ನಮ್ಮ ಚೀಲ ಕಾಯುತ್ತ, ಬಿಸಿ ಬಿಸಿ ಕರಿ ರೈಸ್ ತಿನ್ನುತ್ತ ಸುಖವಾಗಿದ್ದಾರೆ. ಅವರ ಪಕ್ಕದಲ್ಲಿ ಒಂದು ಕುರ್ಚಿ ಯಾವಾಗಲೂ ಖಾಲಿ. ಅದು ನನಗೆಂದು ಇಟ್ಟದ್ದು.

ಅಪಾಯ ಬಂದದ್ದು ಮಗಳು ಚೆನ್ನಾಗಿ ಕಲಿತುಬಿಟ್ಟಾಗ. ಕೆಳಗಿನ ಇಳಿಜಾರು ಅವಳಿಗೆ ಸಪ್ಪೆಯಾಯಿತು. ಮೇಲೆ ಇನ್ನೊಂದು ಲಿಫ್ಟಿದೆ, ಹಳೆಯದು, ಕುರ್ಚಿಗೆ ಇಬ್ಬರೇ. ಪೇರ್ ಲಿಫ್ಟು ಎನ್ನುತ್ತಾರೆ. ಅದರಲ್ಲಿ ಹೋದರೆ ಇಳಿಯಲು ಇರುವುದು ಒಂದೇ ದಾರಿ. ಮೊದಲು ಕಡಿದಾದ ಗಟ್ಟಿ ಹಿಮ, ನಡುವೆ ಒಂದು ಸಮತಟ್ಟು, ಆಮೇಲೆ ಹಿಮ ಒತ್ತಿ ಸಮ ಮಾಡುವ ಯಂತ್ರ ಓಡಿಸದೆ ಹಾಗೇ ಬಿಟ್ಟ ಪುಡಿ ಹಿಮ. ಮೇಲಿನಿಂದ ವೇಗ ತರದಿದ್ದರೆ ಸಮತಟ್ಟಿನಲ್ಲಿ ನಿಂತೇ ಹೋಗುತ್ತೇವೆ. ಹೋದ ವರ್ಷ ಬಾಡಿಗೆಯ ಮೆತ್ತನೆ ಬೋರ್ಡು ಕಟ್ಟಿಕೊಂಡು ಅವಳ ಹಿಂದೆ ಹೋದೆ. ಸ್ವಲ್ಪ ವೇಗ ಬಂದದ್ದೇ ತಡ, ಮೈಸೂರಿನ ನನ್ನ ಹಳೆಯ ಸ್ಕೂಟರ್ ರಿಂಗ್ ರೋಡಿನಲ್ಲಿ ನಡುಗುತ್ತಿದ್ದಂತೆ ಬೋರ್ಡು ಕಾಲಡಿ ನಡುಗತೊಡಗಿತು. ಹೆದರಿ ನಿಧಾನ ಮಾಡಿದೆ. ಸಮತಟ್ಟಿನಲ್ಲಿ ಸಿಕ್ಕಿಬಿದ್ದೆ, ಎದ್ದು ನಿಲ್ಲಲು ಹೋಗಿ ತೊಡೆಮಟ್ಟ ಹೂತುಹೋದೆ. ಮಗಳು ಬೋರ್ಡು ಬಿಚ್ಚಿಟ್ಟು, ಹಿಂದಕ್ಕೆ ನಡೆದು ಬಂದು ನನ್ನನ್ನು ಕೈಯಲ್ಲಿ ತೋಡಿ ತೆಗೆದಳು. ಕೆಳಗೆ ಬಂದ ಮೇಲೆ ಮೈಮೇಲಿನ ಹಿಮ ಕೊಡವಿಕೊಂಡು ಹೇಳಿದಳು:

"ಅಮ್ಮ, next time you wait with Appa, ನೆ?"

ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟು ಮಾಡಿಕೊಳ್ಳುತ್ತಿದ್ದೆ. ಅವಳು ಕೊನೆಗೆ ಜಪಾನಿಯ 'ನೆ', ನಮ್ಮ 'ಆಯ್ತಾ', ಸೇರಿಸಿ ಪ್ರೀತಿಯಿಂದಲೇ ಹೇಳಿದಳು, ಅದೇ ನನಗೆ ಚುಚ್ಚಿತು. ಇನ್ನು ಮುಂದೆ ಅವಳು ಮೇಲಿನ ಲಿಫ್ಟಿನಲ್ಲಿ ಯಾರ ಪಕ್ಕದಲ್ಲೋ ಕೂತು ಹೋಗುತ್ತಾಳೆ, ನಾನು ಕೆಳಗೆ ಚೀಲ ಕಾಯುತ್ತೇನೆ. ವಾಪಸು ರೈಲಿನಲ್ಲಿ ಅಪ್ಪ ಮಗಳು ನಿದ್ದೆ ಹೋದರು. ನನಗೆ ಟೋಕಿಯೋ ಬರುವವರೆಗೂ ಕಣ್ಣು ಹತ್ತಲಿಲ್ಲ. ಆ ಖಾಲಿ ಕುರ್ಚಿಯಲ್ಲಿ ನಾನು ಕೂರುವುದಿಲ್ಲ ಎಂದು ನಿರ್ಧರಿಸಿದೆ.

ಮರುವರ್ಷ ಹಿಮ ಬೀಳುವ ಮೊದಲೇ ಟೋಕಿಯೋದ ಕಾಂಡಾ ಬಡಾವಣೆಯಲ್ಲಿರುವ ಆಟದ ಸಾಮಾನಿನ ಅಂಗಡಿ ಸಾಲಿಗೆ ಹೋದೆ. ಅಂಗಡಿಯಾತ ವಿನಯವಂತ, ಮಾತು ಮಾತಿಗೂ ತಲೆ ಬಾಗಿಸುತ್ತಿದ್ದ. ಹೆಂಗಸರದೆಂದು ಮೊದಲು ತೋರಿಸಿದ್ದು ಹೂವಿನ ಚಿತ್ರದ, ಕೈಯಲ್ಲಿ ಒತ್ತಿದರೆ ಬಾಗುವ ಬೋರ್ಡು. ಆಮೇಲೆ ಅದಕ್ಕಿಂತ ಒಂದಿಷ್ಟು ಬಿಗಿಯದು. ನನ್ನ ಕಣ್ಣು ಮೂಲೆಯಲ್ಲಿ ನಿಂತಿದ್ದ ಕಪ್ಪು ಬೋರ್ಡಿನ ಮೇಲಿತ್ತು. ಮೂತಿ ಉದ್ದ ಮತ್ತು ಅಗಲ, ಬಾಲ ಗಿಡ್ಡ, ನೆಲಕ್ಕಿಟ್ಟರೆ ನಡು ಮೇಲೆದ್ದು ನಿಲ್ಲುತ್ತಿತ್ತು. ಬಾಲ ನೆಲಕ್ಕೆ ಊರಿ, ಮೂತಿ ಹಿಡಿದು, ಮೈಭಾರವೆಲ್ಲ ಹಾಕಿ ನಡುವನ್ನು ಒತ್ತಿದೆ. ಬೋರ್ಡು ಬಾಗಲಿಲ್ಲ. ಇದೇ ಬೇಕು ಎಂದೆ.

"ಇದು ಚೊತ್ತೊ..." ಎಂದು ಆತ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡ. ಜಪಾನಿನಲ್ಲಿ 'ಸ್ವಲ್ಪ' ಎಂದು ಶುರುವಾಗಿ ಅರ್ಧಕ್ಕೆ ನಿಂತ ಮಾತಿಗೆ 'ಖಂಡಿತ ಬೇಡ' ಎಂದರ್ಥ. ಇಷ್ಟು ವರ್ಷ ಇಲ್ಲಿದ್ದು ಅಷ್ಟು ಗೊತ್ತಾಗದೆ ಇರುತ್ತದೆಯೇ? ಗೊತ್ತಾಗದವಳ ಹಾಗೆ ಕಣ್ಣರಳಿಸಿ ನಿಂತೆ. ಕೊನೆಗೆ ಆತನೇ ಬಿಡಿಸಿ ಹೇಳಬೇಕಾಯಿತು. ಇದು ವೇಗದಲ್ಲಿ ನಡುಗುವುದಿಲ್ಲ. ಅಂಚಿನ ಮೇಲೆ ನಿಲ್ಲಿಸಿದರೆ ಗಟ್ಟಿ ಹಿಮದಲ್ಲೂ ಜಾರದೆ ಗೆರೆ ಎಳೆದಂತೆ ತಿರುಗುತ್ತದೆ. ಪುಡಿ ಹಿಮದಲ್ಲಿ ಮೂತಿ ಮುಳುಗುವುದಿಲ್ಲ. ಆದರೆ ತಪ್ಪು ಮಾಡಿದರೆ ಕ್ಷಮಿಸುವುದಿಲ್ಲ. ನನಗೆ ಬೇಕಾದದ್ದೆಲ್ಲ ಅದರಲ್ಲಿತ್ತು. ಕ್ಷಮೆಯ ವಿಷಯ ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ.

ಬೂಟನ್ನೂ ಅಲ್ಲೇ ಕೊಂಡೆ. ಬೆರಳ ತುದಿ ಮುಂದೆ ತಾಗುವ ಹಾಗಿರಬೇಕು ಎಂದು ಆತ ಒಂದು ಜೊತೆ ತಂದ. ನನಗೆ ಉಸಿರು ಕಟ್ಟಿದಂತಾಯಿತು. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಸರಿಯಳತೆಯ ಬೂಟು ಕೊಂಡ ನೆನಪೇ ನನಗಿಲ್ಲ. ಶಾಲೆಯ ಬೂಟಿನ ತುದಿಯನ್ನು ಅಮ್ಮ ಹೆಬ್ಬೆರಳಿನಿಂದ ಒತ್ತಿ ನೋಡಿ, ಒಳಗೆ ಒಂದು ಬೆರಳಿನಷ್ಟು ಜಾಗ ಉಳಿದಿದ್ದರೆ ಮಾತ್ರ "ಹಾಂ, ಇದು ಕೊಡಿ, ಬೆಳೆಯೋ ಮಗು" ಎನ್ನುತ್ತಿದ್ದರು. ಆ ಜಾಗಕ್ಕೆ ಹತ್ತಿ ತುರುಕಿ ಓಡಾಡಿ ಬೆಳೆದವಳು ನಾನು. ನಲವತ್ತೆರಡನೆಯ ವಯಸ್ಸಿನಲ್ಲಿ ನನ್ನ ಪಾದ ಇನ್ನೆಲ್ಲಿಗೆ ಬೆಳೆಯಬೇಕಿತ್ತೋ, ಒಂದು ಸೈಜು ದೊಡ್ಡದೇ ಕೇಳಿ ತೆಗೆದುಕೊಂಡೆ. ದಪ್ಪ ಕಾಲುಚೀಲ ಹಾಕುತ್ತೇನೆ ಎಂದೆ. ಆತ ಮತ್ತೊಮ್ಮೆ 'ಚೊತ್ತೊ' ಎಂದ. ಈ ಸಲವೂ ನನಗೆ ಅರ್ಥವಾಗಲಿಲ್ಲ.

ಮನೆಗೆ ತಂದು ಹಾಲಿನಲ್ಲಿ ನಿಲ್ಲಿಸಿದಾಗ ಗಂಡ ಬೋರ್ಡನ್ನು ಸುತ್ತು ಹಾಕಿ ನೋಡಿದರು.

"ಇದು ಯಾಕೆ ಕಣೇ ನಿಂಗೆ? ಸಾಫ್ಟ್ ಆಗಿರೋದು ಒಂದು ತಗೊಂಡು ಕೆಳಗಡೆ ಆರಾಮಾಗಿ ಆಡ್ಕೊಂಡಿರಬಾರ್ದಾ?"

"ಆರಾಮಾಗಿರೋಕೆ ನೀವಿದ್ದೀರಲ್ಲ ರೀ" ಎಂದೆ. ಡಿಸೆಂಬರಿನಲ್ಲಿ ಅದನ್ನು ಬೀದಿ ಮೂಲೆಯ ಕೊಂಬಿನಿ ಅಂಗಡಿಯಿಂದ ಕೊರಿಯರ್ ಮಾಡಿ ಬೆಟ್ಟದ ಬುಡದ ನಮ್ಮ ಮಾಮೂಲಿ ವಸತಿಗೃಹಕ್ಕೆ ಕಳಿಸಿದೆ. ನಮಗಿಂತ ಮೊದಲೇ ಹೋಗಿ ಅದು ಅಲ್ಲಿ ಬಾಗಿಲ ಬಳಿ ನಿಂತಿತ್ತು.

ಮೊದಲ ದಿನವೇ ಅದು ನನ್ನ ಮರ್ಯಾದೆ ತೆಗೆಯಿತು. ಕೆಳಗಿನ ಇಳಿಜಾರಿನಲ್ಲಿ ನಾನು ಎಡಕ್ಕೆ ಒತ್ತಿದರೆ ಅದು ನೇರ ಹೋಗುತ್ತಿತ್ತು. ಇನ್ನೂ ಒತ್ತಿದರೆ ಒಂದು ಗಳಿಗೆ ಬಿಟ್ಟು ಗಬಕ್ಕನೆ ತಿರುಗಿ ನನ್ನನ್ನು ಮಕಾಡೆ ಮಲಗಿಸುತ್ತಿತ್ತು. ವಾರ ವಾರವೂ ಅದೇ ಕಥೆ. ಕಾಲಿನಲ್ಲಿ ಶಕ್ತಿ ಸಾಲದು ಎಂದುಕೊಂಡೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗುವವರೆಗೂ ಬಸ್ಕಿ ಹೊಡೆದೆ. ಆಫೀಸಿಗೆ ಹೋಗುವ ರೈಲಿನಲ್ಲಿ ಸೀಟು ಸಿಕ್ಕರೂ ಕೂರದೆ ಮಂಡಿ ಬಗ್ಗಿಸಿ ನಿಂತೆ. ನನ್ನ ಕೆಲಸವೇ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ಅದಕ್ಕೇ ಸಂಬಳ ಕೊಡುತ್ತಾರೆ. ಅಂಥವಳಿಗೆ ಈ ಬೋರ್ಡಿನ ವಿಷಯದಲ್ಲಿ ತಪ್ಪು ಎಲ್ಲಿದೆಯೆಂದೇ ತಿಳಿಯದೆ ತಲೆ ಕೆಟ್ಟುಹೋಯಿತು.

ಮಗಳು ಒಬ್ಬಳೇ ಮೇಲಿನ ಲಿಫ್ಟಿಗೆ ಹೋಗಿ ಬರುತ್ತಿದ್ದಳು. ಮಧ್ಯಾಹ್ನ ಊಟದ ಹಾಲಿನಲ್ಲಿ ಮೂವರೂ ಸೇರಿದಾಗ ಅವಳು ಫೋನು ನೋಡುತ್ತ ತಿನ್ನುತ್ತಿದ್ದಳು. ಇನ್ನೊಂದು ಚಳಿಗಾಲ ಹೀಗೇ ಕಳೆದರೆ ಆ ಮಾತುಗಳು ನನಗೆ ಮತ್ತೆ ಸಿಗುವುದಿಲ್ಲ ಎಂದು ನನಗೆ ನಿಜವಾಗಿಯೂ ಭಯವಾಯಿತು. ಗಂಡ ಮಾತ್ರ ಒಂದೊಂದು ವಾರವೂ ಖಾಲಿ ಕುರ್ಚಿಯನ್ನು ಒಂದಿಷ್ಟು ಹತ್ತಿರಕ್ಕೆ ಎಳೆದಿಟ್ಟುಕೊಳ್ಳುತ್ತಿದ್ದರು.

"ಬೋರ್ಡ್ ಮಾರ್ಬಿಡೋಣ ಬಿಡು. ಹೊಸದರ ಥರಾನೇ ಇದೆ" ಎಂದರು ಒಮ್ಮೆ.

"ಮಾರೋದಾದ್ರೆ ಮೊದ್ಲು ಆ ಕುರ್ಚಿ ಮಾರಿ" ಎಂದು ರೇಗಿದೆ.

ಫೆಬ್ರವರಿಯ ಒಂದು ಶನಿವಾರ ಒದ್ದೆ ಹಿಮ ಸುರಿದು ನನ್ನ ಬೂಟು ನೆನೆದು ತೊಪ್ಪೆಯಾಯಿತು. ಭಾನುವಾರ ಬೆಳಿಗ್ಗೆಯೂ ಒಣಗಿರಲಿಲ್ಲ. ಬಾಡಿಗೆ ಬೂಟು ಕೇಳಲು ಹೋದೆ. ಪಾದದ ಅಳತೆ ಎಷ್ಟು ಎಂದು ಕೌಂಟರಿನ ಹುಡುಗಿ ಕೇಳಿದಳು. ಇದ್ದ ಅಳತೆಯನ್ನೇ ಹೇಳಿದೆ. ಸಂಜೆಗೆ ವಾಪಸು ಕೊಡುವ ಬೂಟಿಗೆ ಬೆಳೆಯುವ ಜಾಗ ಯಾಕೆ?

ಮೊದಲ ತಿರುವಿನಲ್ಲೇ ನಾನು ಬೆಚ್ಚಿದೆ. ಒತ್ತಿದ ಗಳಿಗೆಯಲ್ಲೇ ಬೋರ್ಡು ತಿರುಗಿತ್ತು. ನಿಂತೆ. ಮತ್ತೆ ಹೊರಟೆ, ಮತ್ತೆ ತಿರುಗಿತು. ಏನಾದರೂ ಕೆಟ್ಟಾಗ ಒಂದೊಂದೇ ಬದಲಿಸಿ ನೋಡಬೇಕು ಎಂದು ಆಫೀಸಿನಲ್ಲಿ ಹೊಸಬರಿಗೆ ಪಾಠ ಹೇಳುವವಳು ನಾನು. ಇಲ್ಲಿ ಹಿಮ ಅದೇ, ಬೋರ್ಡು ಅದೇ, ಬಸ್ಕಿ ಹೊಡೆದ ಕಾಲೂ ಅವೇ. ಬದಲಾದದ್ದು ಬೂಟೊಂದೇ. ಅಷ್ಟು ದಿನ ನನ್ನ ಹಿಮ್ಮಡಿ ಆ ದೊಡ್ಡ ಬೂಟಿನೊಳಗೆ ಡಬ್ಬಿಯಲ್ಲಿನ ಚಮಚದ ಹಾಗೆ ಅಲ್ಲಾಡಿಕೊಂಡಿತ್ತು. ನಾನು ಒತ್ತಿದ್ದೆಲ್ಲ ಬೂಟಿಗೆ ಹೋಗುತ್ತಿತ್ತೇ ಹೊರತು ಬೋರ್ಡಿಗೆ ತಲುಪುತ್ತಿರಲಿಲ್ಲ. ಮೆತ್ತನೆ ಬೋರ್ಡಾಗಿದ್ದರೆ ಹೇಗೋ ಹೊಂದಿಕೊಂಡು ಹೋಗುತ್ತಿತ್ತು, ಇದು ಹೊಂದಿಕೊಳ್ಳಲಿಲ್ಲ. ಇಳಿಜಾರಿನ ನಡುವೆ ಕುಕ್ಕರಗಾಲಿನಲ್ಲಿ ಕೂತು ಗಟ್ಟಿಯಾಗಿ ನಕ್ಕೆ. ಪಕ್ಕದಲ್ಲಿ ಇಳಿಯುತ್ತಿದ್ದ ಅಜ್ಜನೊಬ್ಬ ನಾನು ಬಿದ್ದಿದ್ದೇನೆಂದು ತಿಳಿದು, ನಿಂತು ವಿಚಾರಿಸಿಕೊಂಡು ಹೋದ.

ಊಟದ ಹೊತ್ತಿನವರೆಗೂ ಕೆಳಗಿನ ಇಳಿಜಾರಿನಲ್ಲಿ ಏರಿ ಇಳಿದೆ. ಹಿಂದೆ ತಿರುಗಿ ನೋಡಿದರೆ ಹಿಮದ ಮೇಲೆ ಒರೆಸಿದಂಥ ಗುರುತಿಲ್ಲ, ಅಂಚು ಎಳೆದ ತೆಳ್ಳನೆಯ ಗೆರೆಯಿತ್ತು. ಊಟದ ಹಾಲಿಗೆ ಬಂದು, ಗಂಡ ನನಗಾಗಿ ತಂದಿಟ್ಟಿದ್ದ ಕರಿ ರೈಸನ್ನು ನಿಂತುಕೊಂಡೇ ನಾಲ್ಕು ತುತ್ತು ತಿಂದೆ.

"ನಾನು ಮೇಲೆ ಹೋಗ್ತೀನಿ" ಎಂದೆ.

ಮಗಳು ಫೋನಿನಿಂದ ತಲೆ ಎತ್ತಿದಳು. "Are you sure?" ಎಂದಳು. ಅವಳ ಮುಖದಲ್ಲಿ ಹೋದ ವರ್ಷದ ತೋಡುವ ಕೆಲಸವೆಲ್ಲ ಕಾಣುತ್ತಿತ್ತು. ನಾನು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡೆ.

ಮೇಲೆ ಹೋಗುವಾಗ ಪೇರ್ ಲಿಫ್ಟಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಯಾವ ಕುರ್ಚಿಗಾಗಿ ಇಷ್ಟೆಲ್ಲ ಮಾಡಿದೆನೋ ಅದರಲ್ಲೇ ಕೂತಿದ್ದೆ, ಪಕ್ಕದಲ್ಲೇ ಇದ್ದ ಮಗಳು ನಾನು ಮತ್ತೆ ಹೂತುಹೋಗುತ್ತೇನೆಂದು ಹೆದರಿ ಕೆಳಗಿನ ಹಿಮವನ್ನೇ ನೋಡುತ್ತಿದ್ದಳು. ತುದಿಯಲ್ಲಿ ಇಳಿದು ಬೋರ್ಡು ಕಟ್ಟಿಕೊಂಡೆ. "ನೀನು ಮುಂದೆ ಹೋಗು, ಹಿಂದೆ ನೋಡ್ಬೇಡ" ಎಂದೆ.

ಅವಳು ಹೋದಳು. ನಾನು ಮೂತಿಯನ್ನು ನೇರ ಕೆಳಕ್ಕೆ ತಿರುಗಿಸಿದೆ. ವೇಗ ಏರಿತು, ಗಾಳಿ ಕಿವಿಯಲ್ಲಿ ಕೂಗಿತು, ಬೋರ್ಡು ನಡುಗಲಿಲ್ಲ. ಎಡಕ್ಕೆ ಒತ್ತಿದೆ, ಗಟ್ಟಿ ಹಿಮದಲ್ಲಿ ಅಂಚು ಕಚ್ಚಿ ನಿಂತಿತು. ಬಲಕ್ಕೆ ಒತ್ತಿದೆ, ಅಲ್ಲಿಯೂ ಕಚ್ಚಿತು. ನಿಧಾನ ಮಾಡು ಎಂದು ಮಂಡಿಗಳು ಬೇಡಿಕೊಂಡವು, ಕಿವಿಗೆ ಹಾಕಿಕೊಳ್ಳಲಿಲ್ಲ. ಸಮತಟ್ಟು ಬಂತು. ಹೋದ ವರ್ಷ ನಾನು ಹೂತಿದ್ದ ಜಾಗ ಪಕ್ಕದಲ್ಲೇ ಸರಿದುಹೋಯಿತು, ಅದನ್ನು ಸರಿಯಾಗಿ ನೋಡುವಷ್ಟೂ ಪುರುಸೊತ್ತಾಗಲಿಲ್ಲ. ಆಮೇಲೆ ಪುಡಿ ಹಿಮ. ಉದ್ದ ಮೂತಿ ಮೇಲೆದ್ದಿತು, ಸದ್ದೆಲ್ಲ ನಿಂತಿತು, ಎದೆಯವರೆಗೂ ಬಿಳಿ ಹಿಮ ಹಾರಿ ಬಂತು. ಅಷ್ಟು ಸಂತೋಷ ನನಗೆ ಬಹಳ ವರ್ಷಗಳಿಂದ ಆಗಿರಲಿಲ್ಲ.

ಕೆಳಗೆ ಮಗಳು ಹಿಮದ ಕನ್ನಡಕ ಹಣೆಗೇರಿಸಿ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ, ನನ್ನ ಬೋರ್ಡು ನೋಡಿದಳು.

"ಅಮ್ಮ, one run ಕೊಡ್ತೀಯಾ?"

ತಟ್ಟೆಯ ಕೊನೆಯ ದೋಸೆ ಅವಳಿಗೆ, ಕಿಟಕಿ ಪಕ್ಕದ ಸೀಟು ಅವಳಿಗೆ, ಬಿಸಿಲು ಬೀಳುವ ಕೋಣೆ ಅವಳಿಗೆ. ಕೇಳುವ ಮೊದಲೇ ಕೊಟ್ಟು ನನಗೆ ಅಭ್ಯಾಸ.

"ಕೊಡಲ್ಲ" ಎಂದೆ.

ಅವಳಿಗೆ ನಂಬಿಕೆಯೇ ಬರಲಿಲ್ಲ. ಮುಖ ಊದಿಸಿಕೊಂಡು ಲಿಫ್ಟಿನ ಸಾಲಿಗೆ ಹೋದಳು. ಲಿಫ್ಟು ಹತ್ತಲು ನಾನು ಹಿಂದಿನ ಕಾಲಿನ ಪಟ್ಟಿ ಬಿಚ್ಚಿಕೊಳ್ಳುವುದರಲ್ಲಿ ಮರಗಟ್ಟಿದ ಬೆರಳುಗಳು ಹೊತ್ತು ತಿಂದವು. ಇವಳು ಇಷ್ಟರಲ್ಲಿ ಹತ್ತಿ ಹೋಗಿರುತ್ತಾಳೆ, ಮಾತು ಗಿಟ್ಟಿಸಲು ಬಂದವಳು ನಾನೇ ಜಗಳ ತೆಗೆದೆನಲ್ಲ ಎಂದು ಬೈದುಕೊಳ್ಳುತ್ತ ತಲೆ ಎತ್ತಿದೆ.

ಅವಳು ಸಾಲಿನ ಮುಂದೆಯೇ ಇದ್ದಳು, ಲಿಫ್ಟು ಹತ್ತಿರಲಿಲ್ಲ. ಪಕ್ಕಕ್ಕೆ ಸರಿದು, ಹಿಂದಿನಿಂದ ಬಂದ ಜೋಡಿಗಳಿಗೆಲ್ಲ "ದೋಜೋ, ದೋಜೋ" ಎಂದು ಕೈ ತೋರಿಸಿ ಮುಂದೆ ಬಿಡುತ್ತಿದ್ದಳು. ಅವಳ ಪಕ್ಕದ ಜಾಗ ಖಾಲಿಯಿತ್ತು.

ಒಂಟಿಕಾಲಲ್ಲಿ ಬೋರ್ಡು ಎಳೆದುಕೊಂಡು ಹೋಗಿ ನಿಂತೆ. ಕುರ್ಚಿ ಬಂದು ಇಬ್ಬರನ್ನೂ ಎತ್ತಿಕೊಂಡಿತು. ನೆಲ ದೂರವಾದ ಮೇಲೆ ಅವಳು ಬೂಟು ಅಲ್ಲಾಡಿಸುತ್ತ, ಎದುರಿನ ಬೆಟ್ಟ ನೋಡುತ್ತ ಹೇಳಿದಳು:

"ಅಮ್ಮ, ನನ್ ಬೂಟ್ ಚಿಕ್ಕದಾಗಿದೆ. ಬೆರಳು ನೋಯತ್ತೆ. ನಿಂಗೆ ಹೇಳೇ ಇಲ್ಲ."

"ರೂಮಲ್ಲಿ ನನ್ ಬೂಟ್ ಒಣಗ್ತಾ ಇದೆಯಲ್ಲ, ಅದು ತಗೋ. ನಿಂಗೆ ಸರಿಯಾಗತ್ತೆ" ಎಂದೆ.

"ಬೋರ್ಡು?"

"ಬೋರ್ಡು ನಂದು."

ಅವಳು ನಕ್ಕಳು. ಆಮೇಲೆ ಶಾಲೆಯಲ್ಲಿ ತನ್ನ ಪಕ್ಕ ಕೂರುವ ಹುಡುಗಿಯ ವಿಷಯ ತೆಗೆದಳು.