ಮೂಡಲಗಿಗೆಂದು ಹೊರಟ ಜೀಪು

ಮೊನ್ನೆ ಮನೆಯ ಮುಂದೆ ನಿಂತ ಲಾರಿಯವನು ಮಳೆಯಲ್ಲಿ ನೆನೆದ ಹೊದಿಕೆಯ ತಾಡಪತ್ರಿಯನ್ನು ಬಿಚ್ಚಿ ನಮ್ಮ ಕಂಪೌಂಡಿನ ಗೋಡೆಯ ಮೇಲೆ ಒಣಹಾಕಿದ್ದ. ಕೇಳದೆ ಹಾಕಿದನಲ್ಲ ಎಂದು ಗದರಿಸಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಮೇಣ, ಪೆಟ್ರೋಲು, ಒದ್ದೆ ನಾಯಿ… ಮೂರೂ ಬೆರೆತ ಆ ವಾಸನೆ. ಲಾರಿಯಲ್ಲಿ ನಾಯಿ ಇರಲಿಲ್ಲ. ಅದನ್ನು ನಾನೇ ಸೇರಿಸಿಕೊಂಡಿರಬೇಕು. ಹೇಳಬೇಕಾದ ಮಾತು ಮರೆತು ಒಳಗೆ ಬಂದೆ.

ಎಷ್ಟೋ ವರ್ಷಗಳ ಹಿಂದೆ ಆ ವಾಸನೆ ಸಿಕ್ಕ ರವಿವಾರದ ಬೆಳಗು ಬೇರೆ ಬೆಳಗುಗಳಂತೆಯೇ ಇತ್ತು. ಗೋಕಾಕದಲ್ಲಿ ನಮ್ಮದು ಹೊಳೆಯ ಕಡೆಗೆ ಇಳಿಯುವ ಓಣಿ. ಒಲೆಯ ಮೇಲೆ ನೀರಿಟ್ಟು, ಬಟ್ಟೆಯಲ್ಲಿ ಕಟ್ಟಿದ್ದ ಹೆಸರುಕಾಳು ಬಿಚ್ಚಿ ಮೊಳಕೆ ಎಷ್ಟು ಬಂದಿದೆ ಎಂದು ನೋಡಿದೆ. ನಮ್ಮ ಯಜಮಾನರು ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ ಗಡ್ಡ ಮಾಡಿಕೊಳ್ಳುತ್ತಿದ್ದರು. ಎದುರುಮನೆಯ ಅಕ್ಕ ಅಂಗಳಕ್ಕೆ ನೀರು ಹೊಡೆದು, ರಂಗೋಲಿಯ ಡಬ್ಬಿ ಸಿಗದೆ ಮನೆಯೊಳಗಿನವರನ್ನೆಲ್ಲ ಬೈಯುತ್ತಿದ್ದರು. ನಾಲ್ಕನೆಯ ರೊಟ್ಟಿ ಬಡಿಯುವಾಗ ಪಕ್ಕದ ಮನೆಯಿಂದ ಜೀಪಿಗೆ ಹ್ಯಾಂಡಲ್ ಹೊಡೆಯುವ ಸದ್ದು ಕೇಳಿಸಿತು. ಮೂರನೆಯ ಸಲಕ್ಕೆ ಗಾಡಿ ಕೆಮ್ಮುತ್ತ ಎದ್ದಿತು. ನಾನು ಯಜಮಾನರ ಮುಖ ನೋಡಿದೆ. ಅವರು ಕನ್ನಡಿ ನೋಡಿಕೊಂಡರು.

ಆ ಜೀಪಿನವರನ್ನು ಓಣಿಯೆಲ್ಲ ಜೀಪ್ ಕಾಕಾ ಎನ್ನುತ್ತಿತ್ತು. ಯುದ್ಧದಲ್ಲಿ ಮಿಲಿಟರಿ ಗಾಡಿ ಓಡಿಸಿ ಬಂದವರು. ಯುದ್ಧ ಮುಗಿದ ಮೇಲೆ ಲಿಲಾವಿನಲ್ಲಿ ಸವಾಲು ಕೂಗಿ ಒಂದು ಹಳೆಯ ಜೀಪು ಹಿಡಿದು, ಅದನ್ನು ಬಿಚ್ಚುತ್ತ ಜೋಡಿಸುತ್ತ ಇದ್ದರು. ಸುತ್ತಿನ ಹಳ್ಳಿಗಳಲ್ಲಿ ನೀರೆತ್ತುವ ಇಂಜಿನ್ ಕೆಟ್ಟರೆ ರಿಪೇರಿ ಮಾಡಿಕೊಡುವುದು ಅವರ ಕಸುಬು. ಮದುವೆಯಾಗಿರಲಿಲ್ಲ. ಕುರುಬರ ಹಟ್ಟಿಯಿಂದ ತಂದ ಎರಡು ಮುಧೋಳ ನಾಯಿಗಳಿದ್ದವು, ತಾಯಿ ಮತ್ತು ಮಗಳು. ತಾಯಿಯ ಹೆಸರು ಬ್ರೇಕ್. ಇದೆಂಥ ಹೆಸರು ಎಂದು ಯಾರಾದರೂ ಕೇಳಿದರೆ, “ಜೀಪಿಗೆ ಇಲ್ರಿ, ನಾಯಿಗಾದ್ರೂ ಇರ್ಲಿ ಅಂತ” ಎನ್ನುತ್ತಿದ್ದರು.

ಪ್ರತಿ ಶನಿವಾರ ಅಥವಾ ರವಿವಾರ ನಾಯಿಗಳನ್ನು ಹಿಂದೆ ಕೂರಿಸಿಕೊಂಡು, ಮಡಚಿದ ಡೇರೆ, ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ, ಎರಡು ನೀರಿನ ಡಬ್ಬಿ, ಒಂದು ಬೆಲ್ಲದ ಗಂಟು ಇಟ್ಟುಕೊಂಡು ಹೊರಡುತ್ತಿದ್ದರು. ಕೇಳಿದರೆ ಒಂದೇ ಉತ್ತರ: “ಮೂಡಲಗಿಗ್ರಿ. ಇಂಜಿನ್ ಕೆಟ್ಟೈತಂತ.”

ನಮ್ಮ ಭಾಗ ಆಗ ಮುಂಬೈ ರಾಜ್ಯದಲ್ಲಿತ್ತು. ದಾರೂಬಂದಿ ಬಂದಿತ್ತು, ಸೆರೆ ಮಾರುವಂತಿಲ್ಲ, ಕುಡಿಯುವಂತಿಲ್ಲ. ಗುಡ್ಡದ ಸಂದಿಗಳಲ್ಲಿ ಕಳ್ಳಭಟ್ಟಿ ಇಳಿಸುತ್ತಾರೆ, ಬೆಲ್ಲ ಕೊಳೆಸಿ ಕಾಯಿಸುತ್ತಾರೆ ಎಂದು ಹೆಂಗಸರಿಗೂ ಗೊತ್ತಿತ್ತು. ಎದುರುಮನೆಯ ಅಕ್ಕನ ಮೈದುನ ಪೊಲೀಸ್ ಜಮಾದಾರ. ಹೀಗಾಗಿ ಅಕ್ಕನಿಗೆ ನಮಗಿಂತ ಹೆಚ್ಚು ಗೊತ್ತಿತ್ತು.

“ಒಬ್ಬ ಮನಷ್ಯಾಗ ಎರಡ ಸೇರ ಬೆಲ್ಲ ಯಾಕ ಬೇಕವಾ? ಬಾಣಂತಿ ಏನ ಅಂವಾ?” ಎನ್ನುತ್ತಿದ್ದರು. ಇನ್ನೊಂದು ದಿನ, “ಆ ನಾಯಿ ಬೊಗಳಿದ್ದ ಎಂದಾದ್ರೂ ಕೇಳೀಯೇನ? ಬೊಗಳಬಾರದಂತ ಕಲಿಸ್ಯಾನ.” ನಾನು ನಕ್ಕಿದ್ದೆ. ಆದರೆ ಆಮೇಲೆ ಆ ನಾಯಿಗಳು ಬೊಗಳುತ್ತವೆಯೇ ಎಂದು ಕಿವಿಗೊಟ್ಟು ಕೇಳತೊಡಗಿದ್ದೆ. ಖರೆ, ಬೊಗಳುತ್ತಿರಲಿಲ್ಲ.

ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೊಂದು ನೋಟ್‌ಬುಕ್ಕು ಕೊಡುತ್ತಿದ್ದರು. ದಾರಿಯಲ್ಲಿ ಕಂಡ ಎಲೆ, ಕಲ್ಲು, ಮಣ್ಣು ಏನಿದ್ದರೂ ಬಣ್ಣ ಸಮೇತ ಬರೆದು ತರಬೇಕು. ಮದುವೆಯಾಗಿ ಬಂದ ಮೇಲೆ ನೋಟ್‌ಬುಕ್ಕು ಹೋಯಿತು, ನೋಡುವ ಚಾಳಿ ಹೋಗಲಿಲ್ಲ. ಹಾಗೆ ನೋಡುತ್ತಲೇ ಕಂಡದ್ದು ಜೀಪಿನ ಗಾಲಿಯ ಮಣ್ಣು. ಮೂಡಲಗಿಯ ಕಡೆ ಎಲ್ಲ ಎರೆ ಭೂಮಿ. ಮಳೆಗಾಲದಲ್ಲಿ ಅಲ್ಲಿಗೆ ಹೋಗಿಬಂದ ಚಕ್ಕಡಿಯ ಗಾಲಿಗೆ ಕಪ್ಪು ಮಣ್ಣು ಮುದ್ದೆಯಾಗಿ ಅಂಟಿರುತ್ತದೆ. ಕಾಕಾನ ಗಾಲಿಗೆ ಅಂಟಿರುತ್ತಿದ್ದುದು ಕೆಂಪು ಮಣ್ಣು, ಅದರಲ್ಲಿ ಸಣ್ಣ ಸಣ್ಣ ಹರಳು. ಒಂದು ಸಲವಲ್ಲ, ಪ್ರತಿ ಸಲ. ಹೋಗುವುದು ಒಂದು ಕಡೆ, ಹೇಳುವುದು ಇನ್ನೊಂದು. ಸುಳ್ಳು ಹೇಳುವವರು ಏನನ್ನೋ ಮುಚ್ಚಿಡುತ್ತಾರೆ ಎಂದೇ ನಾನು ಕಲಿತಿದ್ದೆ. ಬೇರೆ ಕಾರಣಕ್ಕೂ ಸುಳ್ಳು ಹೇಳಬಹುದೆಂದು ಯಾರೂ ಕಲಿಸಿರಲಿಲ್ಲ.

ಇಷ್ಟೇ ಆಗಿದ್ದರೆ ನನಗೇನೂ ಇರಲಿಲ್ಲ. ಆದರೆ ಹಿಂದಿನ ಎರಡು ರವಿವಾರ ನಮ್ಮ ಯಜಮಾನರೂ ಆ ಜೀಪಿನಲ್ಲಿ ಹೋಗಿಬಂದಿದ್ದರು. ಅವರು ಮಾಮಲೇದಾರ ಕಚೇರಿಯಲ್ಲಿ ಕಾರಕೂನರು. ಬಾಯಿ ಬಿಟ್ಟು ನಗದ ಮನುಷ್ಯ ಆ ಸಂಜೆಗಳಲ್ಲಿ ಮುಖ ಕೆಂಪಗೆ ಮಾಡಿಕೊಂಡು, ಏನೋ ಗುನುಗುತ್ತ ಬಂದಿದ್ದರು. ಅಂಗಿ ಒಗೆಯಲು ತೆಗೆದುಕೊಂಡಾಗ ತೋಳಿನಲ್ಲಿ ಸ್ಪಿರಿಟ್ಟಿನ ವಾಸನೆ. ಎಲ್ಲಿಗೆ ಹೋಗಿದ್ದಿರಿ ಎಂದರೆ, “ಸುಮ್ನ ಹೋಗಿ ಬಂದ್ವಿ.” ಸರಕಾರಿ ಕಾರಕೂನನೊಬ್ಬ ಭಟ್ಟಿಯ ಹತ್ತಿರ ಸಿಕ್ಕಿಬಿದ್ದರೆ ನೌಕರಿ ಉಳಿಯುವುದಿಲ್ಲ. ನೌಕರಿ ಹೋದರೆ ನಮಗೆ ಹೊಲವಿಲ್ಲ, ಮನೆಯಿಲ್ಲ. ಮೂರು ರಾತ್ರಿ ನಿದ್ದೆ ಬರಲಿಲ್ಲ.

ಮಂಗಳವಾರ ಅಕ್ಕನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಾಗ, ಯಜಮಾನರ ವಿಷಯ ಬಿಟ್ಟು, ಮಣ್ಣಿನ ವಿಷಯ ಹೇಳಿಬಿಟ್ಟೆ. ಚಾಷ್ಟಿ ಮಾಡುವವಳಂತೆ ನಗುತ್ತ ಹೇಳಿದೆ: “ಮೂಡಲಗಿ ಯಾವಾಗಿಂದ ಕೆಂಪಾತ್ರಿ, ಅಕ್ಕಾ?”

ಅಕ್ಕನ ಕೈ ಮೊರದಲ್ಲೇ ನಿಂತಿತು. ಆಮೇಲೆ ಮತ್ತೆ ಅಕ್ಕಿ ಆರಿಸತೊಡಗಿದರು.

ಆ ರವಿವಾರ ನಾನು ರೊಟ್ಟಿ ಕಟ್ಟುತ್ತ, “ನಾನೂ ಬರತೇನಿ” ಎಂದೆ.

“ನೀ ಯಾಕ?” ಎಂದರು ಯಜಮಾನರು.

“ಸುಮ್ನ.”

ಅವರು ಮುಖ ತೊಳೆದು, ಪಕ್ಕದ ಮನೆಗೆ ಹೋಗಿ ಹೇಳಿ ಬಂದರು. ಓಣಿಯಿಂದಲೇ ಹೆಂಗಸೊಬ್ಬಳು ಜೀಪು ಹತ್ತಿದರೆ ಜನ ಏನೆಂದಾರು ಎಂದು ಕಾಕಾ ಮುಂದೆ ಹೋದರು. ನಾವು ಊರ ಹೊರಗೆ ನಡೆದುಹೋಗಿ ಹತ್ತುವುದೆಂದಾಯಿತು. ಅಕ್ಕ ಕೇಳಿದ್ದಕ್ಕೆ ಕೊಣ್ಣೂರಿಗೆ, ಸಂಬಂಧಿಕರ ಮನೆಗೆ ಎಂದೆ. ನಾಲಿಗೆ ತಡವರಿಸಲಿಲ್ಲ. ಅಷ್ಟು ಸಲೀಸಾಗಿ ಬಂತು ನೋಡಿ, ಅದು ಈಗಲೂ ನೆನಪಿದೆ.

ಜೀಪು ಮೂಡಲಗಿಯ ದಾರಿ ಬಿಟ್ಟು ಧುಪದಾಳದ ಕಡೆಗೆ ಹೊರಳಿತು. ಹಿಂದೆ ಮೇಣ ಹಚ್ಚಿದ ಡೇರೆಯ ಮೇಲೆ, ಇಬ್ಬನಿಗೆ ಒದ್ದೆಯಾದ ನಾಯಿಗಳ ನಡುವೆ ಕೂತು, ಕಾಲಿನಿಂದ ಪೆಟ್ಟಿಗೆಯನ್ನು ಮೆಲ್ಲಗೆ ತಳ್ಳಿ ನೋಡಿದೆ. ಬಾಟಲಿಯ ಸದ್ದಲ್ಲ, ಕಬ್ಬಿಣದ ಸದ್ದು. ಒಡ್ಡು ದಾಟಿ, ರಸ್ತೆ ಬಿಟ್ಟು, ದಾರಿಯೇ ಇಲ್ಲದ ಕಡೆ ಜೀಪು ಹತ್ತುತ್ತ ಹೋಯಿತು. ಕೆಂಪು ಮಣ್ಣು, ಸಣ್ಣ ಹರಳು.

ಗುಡ್ಡದ ಮಗ್ಗುಲಲ್ಲಿ ನಿಲ್ಲಿಸಿ ಕಾಕಾ ಪೆಟ್ಟಿಗೆಯ ಬೀಗ ತೆಗೆದರು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ, ನಟ್ಟು ಬಿಚ್ಚುವ ಪಾನಾಗಳು, ಡೇರೆಯ ಗೂಟಗಳು, ಮೂರು ಕಪ್ಪು, ಒಂದು ಪಂಪ್ ಸ್ಟೋವು. ಸ್ಟೋವಿನ ಬಟ್ಟಲಿಗೆ ಸ್ಪಿರಿಟ್ಟು ಹನಿಸಿ ಕಡ್ಡಿ ಗೀರಿದರು. ಯಜಮಾನರು ಗಾಳಿಗೆ ಅಡ್ಡವಾಗಿ ತೋಳು ಹಿಡಿದರು. ಅಂಗಿಯ ವಾಸನೆ ಅದು. ಬೆಲ್ಲ ಕುಟ್ಟಿ ಸ್ವಲ್ಪ ಚಹಕ್ಕೆ ಹಾಕಿ, ಉಳಿದದ್ದನ್ನೆಲ್ಲ ರೊಟ್ಟಿಗೆ ತಿಕ್ಕಿ ನಾಯಿಗಳಿಗೆ ಕೊಟ್ಟರು. ಡೇರೆ ಹೊಡೆದು ತಾವು ಹೊರಗೆ ಬಿಸಿಲಲ್ಲಿ ಕೂತರು.

“ಮತ್ತ ಡೇರೆ ಯಾಕ್ರಿ?” ಎಂದೆ.

“ನಾಯಿಗೋಳಿಗ್ರಿ, ಬಾಯಿಯವರ. ಬಿಸಲ ತಡಿಯೂದಿಲ್ಲ ಅವು.”

ಅಷ್ಟಾದರೂ ನನಗೆ ನಂಬಿಕೆ ಬರಲಿಲ್ಲ. ಇವತ್ತು ನಾನು ಬಂದಿದ್ದೇನೆಂದು ನಾಟಕ ಮಾಡುತ್ತಿರಬೇಕು, ಭಟ್ಟಿ ಆ ಪೊದೆಯ ಹಿಂದಿರಬೇಕು ಎಂದು ಹೂ ಕೀಳುವ ನೆಪದಲ್ಲಿ ಹೋಗಿ ನೋಡಿ ಬಂದೆ. ಅವರಿಬ್ಬರೂ ಆ ಕಡೆ ಇದ್ದಾಗ ನೀರಿನ ಡಬ್ಬಿಯ ಮುಚ್ಚಳ ತೆಗೆದು ಮೂಗಿಟ್ಟೆ. ತಲೆಯೆತ್ತಿದರೆ ಕಾಕಾ ನಿಂತಿದ್ದರು. ಡಬ್ಬಿ ಎತ್ತಿ, ನನ್ನ ಕಪ್ಪಿಗೆ ನೀರು ಬಗ್ಗಿಸಿ ಕೊಟ್ಟರು. ಕುಡಿದೆ. ನೀರು.

ಆಮೇಲೆ ಅವರು ಜೀಪು ಹತ್ತಿ ಎದುರಿನ ಕಲ್ಲಿನ ಏರಿಗೆ ಬಿಟ್ಟರು. ಅರ್ಧ ಏರಿ ಜಾರಿ ಬಂತು. ಮತ್ತೆ ಬಿಟ್ಟರು, ಮತ್ತೆ ಜಾರಿತು. ಇಳಿದು, ಗಾಲಿಯ ಕೆಳಗೆ ಕಲ್ಲು ಹೊಂದಿಸಿ, ಯಜಮಾನರಿಗೆ ಕೂಗಿ ಹೇಳುತ್ತಿದ್ದರು: “ನಾಕೂ ಗಾಲಿ ಎಳೀಬೇಕ್ರಿ, ಕಾರಕೂನರ! ಮೂರ ಗಾಲಿಗಿ ಮನಸಿಲ್ಲ!” ನಾಲ್ಕನೆಯ ಸಲಕ್ಕೆ ಜೀಪು ನೆತ್ತಿಗೆ ಹತ್ತಿತು. ನಮ್ಮ ಯಜಮಾನರು ಟೊಪ್ಪಿಗೆ ತೆಗೆದು ಮೇಲೆ ತೂರಿದರು. ಆ ಮನುಷ್ಯ ಹಾಗೆ ಮಾಡಿದ್ದನ್ನು ಅದಕ್ಕೂ ಮೊದಲು ನಾನು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಕಾಕಾ ಜೀಪು ಇಳಿಸಿಕೊಂಡು ಬಂದರು.

“ಅಲ್ಲಿ ಏನೈತ್ರಿ?” ಎಂದೆ.

“ಏನಿಲ್ರಿ.”

“ಮತ್ತ?”

“ಮತ್ತೇನಿಲ್ರಿ. ಏರಿತಲ್ಲ!”

ಆಗ ಕೇಳಿಯೇ ಬಿಟ್ಟೆ, ಪ್ರತಿ ಸಲ ಮೂಡಲಗಿ ಎಂದು ಯಾಕೆ ಹೇಳುತ್ತೀರಿ ಎಂದು. ಅವರು ನಾಯಿಯ ಕಿವಿಯಿಂದ ಉಣ್ಣಿ ಕೀಳುತ್ತಿದ್ದರು. “ಗುಡ್ಡಕ್ಕ ಸುಮ್ನ ಹೊಂಟೇನಿ ಅಂದ್ರ ಯಾರ ನಂಬತಾರ್ರಿ? ಇಂಜಿನ್ ಕೆಟ್ಟೈತಿ ಅಂದ್ರ ನಂಬತಾರ.” ಆಮೇಲೆ ಹುಕ್ಕೇರಿಯಲ್ಲಿ ಒಬ್ಬರ ಮನೆಯ ಹುಲ್ಲಿನ ಬಣವೆಯ ಹಿಂದೆ ಒಂದು ಹಳೆಯ ಮೋಟಾರು ಗಾಡಿ ಬಿದ್ದಿದೆ, ಅದರಲ್ಲಿ ಕೋಳಿ ಕಾವು ಕೂತಿವೆ, ಎಂದಾದರೂ ಅದನ್ನು ಎಬ್ಬಿಸಬೇಕು ಎಂದು ಹೇಳಿದರು. ಮಂಗಳವಾರ ನಾನಾಡಿದ ಮಾತು ಹೇಳಬೇಕೆಂದುಕೊಂಡೆ… ಎದ್ದು ಕಪ್ಪು ತೊಳೆದಿಟ್ಟೆ.

ಇಳಿಹೊತ್ತಿನಲ್ಲಿ ಮರಳುವಾಗ ಊರ ನಾಕಾದ ಹತ್ತಿರ ಇಬ್ಬರು ಪೊಲೀಸರು ನಿಂತದ್ದು ದೂರದಿಂದಲೇ ಕಂಡಿತು. ಕಾಕಾ ಗಿಡಗಳ ಮರೆಗೆ ಜೀಪು ನಿಲ್ಲಿಸಿದರು. “ಇಳೀರಿ, ಕಾರಕೂನರ. ಹೊಲದಾಗ ಹಾಯ್ದ ಹೋಗ್ರಿ. ಸರಕಾರಿ ನೌಕರಿ ನಿಮ್ದು.” ಯಜಮಾನರು ಏನೋ ಹೇಳಹೋದರು. ಅಷ್ಟರಲ್ಲಿ ಜೀಪು ಮುಂದೆ ಹೋಗಿತ್ತು.

ನಾವು ಹೊಲದ ದಾರಿಯಿಂದ ಬಂದು ಹಿತ್ತಲ ಬಾಗಿಲಿನಿಂದ ಒಳಗೆ ಸೇರಿದೆವು. ಸ್ವಲ್ಪ ಹೊತ್ತಿಗೆ ಪೊಲೀಸರು ಕಾಕಾನನ್ನು ಅವರ ಜೀಪಿನಲ್ಲೇ ಓಣಿಗೆ ಕರೆತಂದರು. ಮನೆಯ ಮುಂದೆ ಫೌಜದಾರರು ಕಾಯುತ್ತಿದ್ದರು. ಓಣಿಯೆಲ್ಲ ನೆರೆಯಿತು. ನಾವಿಬ್ಬರೂ ಬಾಗಿಲ ಸಂದಿಯಲ್ಲಿ ನಿಂತಿದ್ದೆವು.

“ಎಲ್ಲಿಗಿ ಹೋಗಿದ್ದಿ?” ಎಂದರು ಫೌಜದಾರರು.

“ಮೂಡಲಗಿಗ್ರಿ.”

ಫೌಜದಾರರು ಬೆತ್ತದಿಂದ ಗಾಲಿಯ ಮಣ್ಣು ಕೆರೆದರು. “ಮೂಡಲಗಿ ಯಾವಾಗಿಂದ ಕೆಂಪಾತೋ?”

ನನ್ನ ಮಾತು, ಅಕ್ಷರ ಅಕ್ಷರವೂ ನನ್ನದು. ಜನ ನಕ್ಕರು. ಕಾಕಾ ನಗಲಿಲ್ಲ.

ಪೆಟ್ಟಿಗೆ ಬರಿದು ಮಾಡಿದರು. ಡೇರೆ ಬಿಚ್ಚಿ ಜಾಡಿಸಿದರು. ಡಬ್ಬಿಗಳಿಗೆ ಮೂಗಿಟ್ಟು ನೋಡಿದರು. ಏನೂ ಇರಲಿಲ್ಲ. ಆಮೇಲೆ ಫೌಜದಾರರ ಕೈಗೆ ಕಪ್ಪುಗಳು ಬಂದವು. ಇನ್ನೂ ಒದ್ದೆಯಾಗಿದ್ದವು.

“ಮೂರು ಕಪ್ಪು? ಜತಿಗೆ ಯಾರಿದ್ರು?”

ಯಜಮಾನರ ಬೆರಳುಗಳು ನನ್ನ ಮೊಣಕೈಯನ್ನು ಹಿಡಿದವು. ನೋಯುವಷ್ಟು. ಆಗ ಹೊರಗೆ ಹೋಗಿ ‘ನಾವಿದ್ದೆವು’ ಎಂದಿದ್ದರೆ ಸಾಕಿತ್ತು. ನೌಕರಿಗೆ ಏನಾಗುತ್ತಿತ್ತೋ ಗೊತ್ತಿಲ್ಲ, ಅವರಿಗಂತೂ ಸಾಕ್ಷಿ ಸಿಗುತ್ತಿತ್ತು. ನಾನು ಮಿಸುಕಲಿಲ್ಲ.

“ನಾಯಿಗೋಳಿದ್ದೂರಿ,” ಎಂದರು ಕಾಕಾ. “ಚಾ ಕುಡೀತಾವ್ರಿ ಅವು.”

ಮತ್ತೆ ನಗೆ. ಅವರು ಒಮ್ಮೆಯೂ ನಮ್ಮ ಬಾಗಿಲ ಕಡೆ ನೋಡಲಿಲ್ಲ. ಸುಳ್ಳು ಹೇಳಿದ್ದಕ್ಕೆ ಮುಖ ಸಿಟ್ಟಿನಿಂದ ಕಪ್ಪಗಾದ ಫೌಜದಾರರು, ಕಾಗದಪತ್ರ ನೋಡುವವರೆಗೆ ಗಾಡಿ ಪೊಲೀಸ್ ಚಾವಡಿಯಲ್ಲಿರಲಿ ಎಂದು ಜೀಪು ತೆಗೆಸಿಕೊಂಡು ಹೋದರು. ನಾಯಿಗಳು ಓಣಿಯ ತುದಿಯವರೆಗೆ ಅದರ ಹಿಂದೆ ಓಡಿದವು. ಆಗಲೂ ಬೊಗಳಲಿಲ್ಲ.

ಜೀಪು ಮರಳಿ ಬಂದಾಗ ಮಳೆಗಾಲ ಮುಗಿದಿತ್ತು. ಅಷ್ಟರಲ್ಲಿ ಇಂಜಿನ್ ರಿಪೇರಿಗೆ ಕರೆಯುವವರು ಕಡಿಮೆಯಾಗಿದ್ದರು. ಕಾಕಾ ಮೊದಲಿನಂತೆಯೇ “ಅರಾಮರಿ, ಬಾಯಿಯವರ?” ಎನ್ನುತ್ತಿದ್ದರು, ನಮ್ಮ ಯಜಮಾನರನ್ನು ಮಾತ್ರ ಮತ್ತೆ ಕರೆಯಲಿಲ್ಲ. ಒಂದು ಬೆಳಿಗ್ಗೆ ಡೇರೆ, ಪೆಟ್ಟಿಗೆ, ನಾಯಿಗಳನ್ನು ಹೇರಿಕೊಂಡು ಹೋದವರು ಬರಲಿಲ್ಲ. ಮುಂದೆ ಯಜಮಾನರಿಗೆ ಹುಕ್ಕೇರಿಗೆ ಬದಲಿಯಾದಾಗ ವಿಚಾರಿಸಿದೆ. ಆ ಹಳೆಯ ಮೋಟಾರನ್ನು ಎಬ್ಬಿಸಿ ಸಂಕೇಶ್ವರದ ದಾರಿ ಹಿಡಿದು ಹೋದರು ಎಂದು ಒಬ್ಬರು ಹೇಳಿದರು. ಅಂಥವರು ಯಾರೂ ಬಂದೇ ಇಲ್ಲ ಎಂದು ಇನ್ನೊಬ್ಬರು…

ಈಗ ಯಜಮಾನರೂ ಇಲ್ಲ, ಅಕ್ಕನೂ ಇಲ್ಲ. ನಾನು ಯಾರ ಕ್ಷಮೆ ಕೇಳಬೇಕಿತ್ತೋ ಅವರು ಎಲ್ಲಿ ಮಣ್ಣಾದರೋ ತಿಳಿಯದು. ಅವರು ನಿರಪರಾಧಿ ಎಂದು ಇಂದು ನಾನು ಯಾರ ಮುಂದೆ ಹೇಳಿದರೂ ಅದು ಯಾರಿಗೂ ಬೇಕಿಲ್ಲದ ಸುದ್ದಿ. ಬೇಕಾಗಿದ್ದದ್ದು ಆ ಸಂಜೆ.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಅಕ್ಕ ಬಂದರು. ನಾನು ಬಟ್ಟಲು ತುಂಬಿಸಿ ಕೊಟ್ಟೆ. ಮೆಟ್ಟಿಲು ಇಳಿಯುತ್ತ, ಮೊಸರು ಚೆಲ್ಲದಂತೆ ಬಟ್ಟಲಿನ ಮೇಲೇ ಕಣ್ಣಿಟ್ಟು ಅವರೆಂದರು:

“ಒಂದ ಹನಿ ಸುದ್ದಾ ಸಿಗಲಿಲ್ಲಂತವಾ. ಎಷ್ಟ ಶಾಣ್ಯಾ ಇರಬೇಕ ನೋಡ ಅಂವಾ!”