ಎಡಗಡೆಯ ಹೂವಿಗೆ ಹಚ್ಚಿದ ಗಂಧ

ಅಕ್ಕ, ಮಕಾವಿನ ಆ ಹೋಟೆಲನ್ನು ಆರಿಸಿದ್ದು ದೇವರಲ್ಲ, ನಾನು. ಎಡಗಡೆಯ ಹೂವಿಗೆ ಗಂಧ ಹಚ್ಚಿ ಗಟ್ಟಿಯಾಗಿ ಅಂಟಿಸಿದ್ದೆ. ಬಲಗಡೆಯದನ್ನು ನೀರಿಗೆ ಸೋಕಿಸಿದ ಹಾಗೆ ಮಾಡಿ, ಬೀಳಲೆಂದೇ ಇಟ್ಟಿದ್ದೆ. ಅದು ಬಿತ್ತು. ನೀವು ಕೈಮುಗಿದಿರಿ. ನಾನೂ ಮುಗಿದೆ — ನಿಮಗಿಂತ ಹೆಚ್ಚು ಭಕ್ತಿಯಿಂದ.

ಇಷ್ಟು ಬರೆಯಲು ನನಗೆ ಆರು ವರ್ಷ ಬೇಕಾಯಿತು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ದಿನಕ್ಕೆ ಹತ್ತು ಸಲ ಎದುರಾಗುವ ಓರಗಿತ್ತಿಗೆ ಹಾಳೆಯ ಮೇಲೆ ಬರೆದು ಹೇಳುವುದು ತಮಾಷೆಯಾಗಿ ಕಾಣುತ್ತದೆ, ಗೊತ್ತು. ಆದರೆ ಬಾಯಿಬಿಟ್ಟು ಹೇಳೋಣವೆಂದು ಹತ್ತಿರ ಬಂದಾಗಲೆಲ್ಲ ನೀವು ಕೈಗೆ ಏನಾದರೂ ತಿನ್ನಲು ಕೊಟ್ಟುಬಿಡುತ್ತೀರಿ. ಬಾಯಿತುಂಬ ಚಕ್ಕುಲಿ ಇಟ್ಟುಕೊಂಡು ತಪ್ಪೊಪ್ಪಿಕೊಳ್ಳುವುದು ಹೇಗೆ?

ನೆನಪಿದೆಯಲ್ಲ, ಆ ವರ್ಷ ಶಿರಾಳಕೊಪ್ಪದ ನಮ್ಮ ಅಂಗಡಿಯಲ್ಲಿ ಪೈಪು, ಮೋಟಾರು ಎಷ್ಟು ಮಾರಾಟವಾಯಿತೆಂದರೆ, ಕಂಪನಿಯವರು ಅಣ್ಣ ತಮ್ಮ ಇಬ್ಬರಿಗೂ ಹೆಂಡಿರ ಸಮೇತ ಫಾರಿನ್ ಟೂರು ಕೊಟ್ಟರು. ಎಲ್ಲಿಗೆ ಎಂದರೆ ಮಕಾವಿಗೆ. ಊರಿಗೆ ಊರೇ ಕ್ಯಾಸಿನೋ. ದೀಪಾವಳಿಯಲ್ಲಿ ಭಾವ ಒಂದು ಕೈ ಇಸ್ಪೀಟು ಆಡಿದರೆ ಎಲೆಗಳನ್ನೆಲ್ಲ ಬಾಚಿಕೊಂಡು ಹೋಗಿ ಅಕ್ಕಿ ಡಬ್ಬದಲ್ಲಿ ಹೂತಿಡುವ ನೀವು, ಇಸ್ಪೀಟಿನ ರಾಜಧಾನಿಗೇ ಹೊರಟು ನಿಂತಿರಿ. ಭಾವನ ಮುಖ ಆಗ ನೋಡಬೇಕಿತ್ತು — ಖುಷಿಯೋ ಭಯವೋ ಅವರಿಗೇ ಗೊತ್ತಾಗಲಿಲ್ಲ.

ಟ್ರಾವೆಲ್ ಏಜೆಂಟರು ಎರಡು ಹೋಟೆಲಿನ ಫೋಟೋ ನನ್ನ ಮೊಬೈಲಿಗೆ ಕಳಿಸಿದರು. ಎರಡರಲ್ಲಿ ಒಂದನ್ನು ಆರಿಸಬೇಕು, ದುಡ್ಡಿನಲ್ಲೇನೂ ವ್ಯತ್ಯಾಸವಿಲ್ಲ. ನಮ್ಮನೆಯವರು ಅಂಗಡಿಗೆ ಹೊರಡುತ್ತಾ, ನೀವಿಬ್ರೂ ಕುಂತು ಒಂದು ಆರಿಸ್ರಿ, ನಾಳಿದ್ದು ಹೆಸರು ಹೇಳಬೇಕಂತೆ, ಎಂದು ಕೈತೊಳೆದುಕೊಂಡರು.

ಒಂದು ಸಣ್ಣ ಹೋಟೆಲು. ಬಾಗಿಲು ದಾಟಿದರೆ ಲಿಫ್ಟು, ಲಿಫ್ಟು ಇಳಿದರೆ ರೂಮು. ರೂಮಿನ ಮೂಲೆಯಲ್ಲಿ ಒಂದು ಪುಟ್ಟ ಕರೆಂಟ್ ಒಲೆ, ತೆರೆಯಲು ಬರುವ ಕಿಟಕಿ. ಇನ್ನೊಂದು — ಇನ್ನೊಂದನ್ನು ಏನೆಂದು ಹೇಳಲಿ! ಛಾವಣಿಗೆ ಮೋಡ ಬರೆದಿದ್ದರು. ಕಂಬಗಳಿಗೆಲ್ಲ ಬಂಗಾರದ ಬಣ್ಣ. ಕೆಳಗೆ ಕ್ಯಾಸಿನೋ. ಮೇಲೆ, ರೂಮಿನಲ್ಲಿ, ನೆಲದಿಂದ ಛಾವಣಿಯವರೆಗೂ ಗಾಜು. ಆ ಗಾಜಿನ ಪಕ್ಕದಲ್ಲಿ ಮೊಟ್ಟೆಯಷ್ಟು ನುಣ್ಣಗಿರುವ ಬಿಳಿ ಬಾತ್‌ಟಬ್ಬು. ನನ್ನ ಮನಸ್ಸು ಆ ಟಬ್ಬಿನಲ್ಲೇ ಬಿದ್ದುಬಿಟ್ಟಿತು. ಅಂಜನಾಪುರದಲ್ಲಿ ಡ್ಯಾಮಿನ ನೀರು ನೋಡುತ್ತಾ ಬೆಳೆದವಳು ನಾನು. ಅಷ್ಟು ನೀರಿದ್ದರೂ ಕತ್ತಿನವರೆಗೆ ಮುಳುಗಿ ಸುಮ್ಮನೆ ಮಲಗಲು ನಮ್ಮಪ್ಪ ಒಂದು ದಿನವೂ ಬಿಟ್ಟವರಲ್ಲ. ಬಟ್ಟೆ ಒಣಹಾಕುವಾಗ, ಸೊಪ್ಪು ಸೋಸುವಾಗ ಆ ಫೋಟೋವನ್ನು ತೆಗೆದು ತೆಗೆದು ನೋಡುತ್ತಿದ್ದೆ.

ನೀವು ಸಣ್ಣದೇ ಸಾಕು ಎಂದಿರಿ. "ಎಂತಕ್ಕೆ ಸುಮಿ ಅಷ್ಟ್ ದೊಡ್ಡ ಹೋಟ್ಲು? ಅದ್ರಾಗೆ ನೇಗಿಲು ಹೂಡ್ತೀವಾ? ಇದ್ರಾಗಾದ್ರೆ ಒಲೆ ಐತೆ, ಬೆಳಿಗ್ಗೆ ಒಂದು ಉಪ್ಪಿಟ್ಟು ತಿರುವ್ಬೋದು." ನಾನು ಮೋಡದ ಛಾವಣಿ ತೋರಿಸಿದೆ. ನೀವು ಹೊರಗೆ ಕರೆದೊಯ್ದು ನಿಜವಾದ ಮೋಡ ತೋರಿಸಿದಿರಿ. ಎರಡು ದಿನ ಹೀಗೇ ಎಳೆದಾಡಿ, ಕೊನೆಗೆ ಹೂ ಕೇಳಾಣ ಎಂದವರು ನೀವೇ.

ನಮ್ಮ ಮನೆಯಲ್ಲಿ ಹೂ ಕೇಳುವುದೇನು ಹೊಸದಲ್ಲ. ದೇವರಕೋಣೆಯ ವೀರಭದ್ರನ ಎರಡು ಭುಜಕ್ಕೂ ಒಂದೊಂದು ಸೇವಂತಿಗೆಯನ್ನು ನೀರಲ್ಲಿ ಅದ್ದಿ ಅಂಟಿಸುವುದು. ಯಾವ ಕಡೆಯದು ಮೊದಲು ಬೀಳುತ್ತದೋ ಅದೇ ಅಪ್ಪಣೆ. ಹೆಣ್ಣು ತರಲು ಕೇಳಿದ್ದೇವೆ, ಬೋರು ಕೊರೆಸಲು ಕೇಳಿದ್ದೇವೆ. ಹೋಟೆಲ್ ರೂಮಿಗೆ ಅಪ್ಪಣೆ ಕೇಳಿದ್ದು ಮಾತ್ರ ಇಡೀ ತಾಲ್ಲೂಕಿನಲ್ಲಿ ನಾವೇ ಮೊದಲಿರಬೇಕು. ಬಲಕ್ಕೆ ಬಿದ್ದರೆ ದೊಡ್ಡದು, ಎಡಕ್ಕೆ ಬಿದ್ದರೆ ಸಣ್ಣದು ಎಂದು ನೀವು ಹೇಳಿಕೊಂಡು ಕಣ್ಣು ಮುಚ್ಚಿದಿರಿ. ಹೂ ಇಡುವ ಕೆಲಸ ನನಗೆ ಬಿಟ್ಟಿರಿ. ಗಂಧದ ಬಟ್ಟಲು ನನ್ನ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು —

ಬಟ್ಟಲು ಹತ್ತಿರದಲ್ಲಿತ್ತು ಎನ್ನುವುದು ನೆಪ. ಅದನ್ನು ಹತ್ತಿರಕ್ಕೆ ಸರಿಸಿಕೊಂಡವಳು ನಾನೇ.

ಟಬ್ಬಿನ ವಿಷಯದಲ್ಲಿ ಸುಳ್ಳು ಹೇಳಲಾರೆ, ಅಕ್ಕ. ಬಹಳ ಚೆನ್ನಾಗಿತ್ತು. ದಿನಾ ಒಂದೊಂದು ತಾಸು ಮಲಗಿದೆ. ಮೋಸ ಮಾಡಿ ಪಡೆದದ್ದು ರುಚಿಸಲಿಲ್ಲ ಎಂದು ಬರೆದರೆ ಓದಲು ಚಂದ, ಆದರೆ ಅದು ಇನ್ನೊಂದು ಮೋಸವಾಗುತ್ತದೆ. ನೀವಾದರೋ ನಿಮ್ಮ ರೂಮಿನ ಟಬ್ಬಿನಲ್ಲಿ ನಾಲ್ಕು ಸೀರೆ ನೆನೆಹಾಕಿ, ಗಾಜಿನ ಗೋಡೆಯುದ್ದಕ್ಕೂ ಒಣಗಲು ಹರವಿದ್ದಿರಿ. ರೂಮು ಗುಡಿಸಲು ಬಂದ ಹೆಂಗಸು ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತು ನಕ್ಕಳು. ನೀವು ಅವಳ ಕೈಗೂ ಚಕ್ಕುಲಿ ಕೊಟ್ಟಿರಿ.

ಆದರೆ ಆ ಹೋಟೆಲಿನಲ್ಲಿ ಬೀದಿಬಾಗಿಲಿಂದ ರೂಮಿನ ಲಿಫ್ಟಿಗೆ ಹೋಗಬೇಕೆಂದರೆ ಇಡೀ ಕ್ಯಾಸಿನೋ ಸುತ್ತಬೇಕಿತ್ತು. ಬೇಕೆಂದೇ ಹಾಗೆ ಕಟ್ಟಿರುತ್ತಾರಂತೆ. ಬೆಳಿಗ್ಗೆ ಹೊರಡುವಾಗ ಒಮ್ಮೆ, ಊಟಕ್ಕೆ ಒಮ್ಮೆ, ಮರೆತ ಸ್ವೆಟರಿಗೆ ಇನ್ನೊಮ್ಮೆ. ಎರಡನೆಯ ದಿನ ಅರ್ಧ ದಾರಿಯಲ್ಲಿ ನೀವು ಒಂದು ಜೂಜಿನ ಮಷೀನಿನ ಮುಂದಿನ ಸ್ಟೂಲಿನ ಮೇಲೆ ಕುಳಿತುಬಿಟ್ಟಿರಿ. ಹಣೆಯ ತುಂಬ ವಿಭೂತಿ, ಮಡಿಲಲ್ಲಿ ರೊಟ್ಟಿಯ ಗಂಟು. ಕಪ್ಪು ಕೋಟಿನವನೊಬ್ಬ ಬಂದು ಬಗ್ಗಿ ನಮಸ್ಕರಿಸಿ ನೀರಿನ ಬಾಟಲಿ ಕೊಟ್ಟ; ದೊಡ್ಡ ಆಟಗಾರ್ತಿ ಅಂದುಕೊಂಡನೋ ಏನೋ. ನೀವು ಅವನ ತಲೆ ಸವರಿ ಹರಸಿದಿರಿ. ನಾವೆಲ್ಲ ನಕ್ಕೆವು, ಭಾವನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನೀವು ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಏಳುತ್ತಾ ನನಗೊಬ್ಬಳಿಗೇ ಕೇಳುವಂತೆ ಹೇಳಿದಿರಿ: "ಇರ್ಲಿ ಬಿಡೆ. ದೇವ್ರು ತೋರ್ಸಿದ ಹೋಟ್ಲು. ನಡೆಸ್ತಾನೆ ಅಂದ್ರೆ ನಡಿಯಾದು."

ಇಲ್ಲಿಗೆ ನಿಲ್ಲಿಸಿದರೆ ಇದು ನಗುವ ಕಥೆ. ನಿಲ್ಲಿಸಬೇಕೆಂದು ಬಹಳ ಆಸೆಯಾಗುತ್ತಿದೆ.

ಹೂ ಕೇಳುವ ಹಿಂದಿನ ದಿನ ಏಜೆಂಟರು ಮೊಬೈಲಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು — ಮೇಡಂ, ದೊಡ್ಡದರಲ್ಲಿ ನಡೆಯೋದು ಬಹಳ ಇರುತ್ತೆ, ಕಾಲುನೋವಿನವರು ಯಾರಾದರೂ ಇದ್ದರೆ ಸಣ್ಣದೇ ಒಳ್ಳೇದು. ನಾನು ಅದನ್ನು ಹಿತ್ತಿಲಲ್ಲಿ ನಿಂತು ಎರಡು ಸಲ ಕೇಳಿದೆ. ಆಮೇಲೆ ಅಳಿಸಿದೆ. ನಿಮಗೆ ಮಂಡಿನೋವಿದೆ ಎಂದು ಮನೆಯಲ್ಲಿ ಯಾರಿಗೂ ನೀವು ಹೇಳಿರಲಿಲ್ಲ. ಆದರೆ ನನಗೆ ಗೊತ್ತಿತ್ತು. ನೀವು ಮಾಳಿಗೆಯಿಂದ ಅಡ್ಡಡ್ಡ ತಿರುಗಿ ಒಂದೊಂದೇ ಮೆಟ್ಟಿಲು ಇಳಿಯುವುದನ್ನು ನೋಡಿದ್ದೆ. ನಿಮ್ಮ ಸೀರೆಯ ಅಂಚಿನಲ್ಲಿ ನೋವಿನೆಣ್ಣೆಯ ವಾಸನೆ ಬರುತ್ತಿತ್ತು. ಉಪ್ಪಿಟ್ಟಿನ ಒಲೆ ನೀವು ಹುಡುಕಿದ ನೆಪ, ನಿಮಗೆ ಬೇಕಿದ್ದದ್ದು ಬಾಗಿಲ ಪಕ್ಕದ ಲಿಫ್ಟು — ಅದೂ ನನಗೆ ಅರ್ಥವಾಗಿತ್ತು. ಅರ್ಥವಾಗಿಯೂ ಗಂಧ ಹಚ್ಚಿದೆ.

ಊರಿಗೆ ಬಂದ ಮೇಲೆ ನೀವು ಆ ಹೋಟೆಲಿನ ಕಥೆಯನ್ನು ಹೇಳದ ಮನೆಯಿಲ್ಲ. ಹೊಸಬಾಳೆಯ ನಿಮ್ಮ ತವರಿನಲ್ಲಂತೂ ವೀರಭದ್ರ ವಿಮಾನದ ಟಿಕೆಟನ್ನೂ ತಾನೇ ತೆಗೆಸಿದ ಎಂಬಲ್ಲಿಗೆ ಬಂದು ನಿಂತಿತು. ಜೊತೆಗೆ ನನ್ನ ಕೈಗೂ ಹೆಸರು ಬಂತು. ಸುಮಿ ಇಟ್ಟ ಹೂ ಸುಳ್ಳಾಗುವುದಿಲ್ಲವಂತೆ! ಕರುವಿಗೆ, ಸೈಟಿಗೆ, ಮಗುವಿನ ಹೆಸರಿಗೆ ಎಂದು ನೆಂಟರೆಲ್ಲ ನನ್ನ ಕೈಯಲ್ಲೇ ಹೂ ಇಡಿಸಿದರು. ಆಣೆಗೂ ಹೇಳುತ್ತೇನೆ, ಆಮೇಲೆ ಒಂದು ಸಲವೂ ಗಂಧ ಮುಟ್ಟಿಲ್ಲ. ಹೊಸಬಾಳೆಯವರ ಬೋರಿನಲ್ಲಿ ನೀರು ಬಂದಾಗ ಬೆಚ್ಚಿಬಿದ್ದವಳು ನಾನೊಬ್ಬಳೇ. ಹೊಗಳಿದಾಗ ತಲೆತಗ್ಗಿಸುತ್ತಿದ್ದೆ; ಅದನ್ನೂ ನೀವು ವಿನಯ ಅಂದುಕೊಂಡಿರಿ.

ಈಗ ನಿಮ್ಮ ಮಂಡಿ ಪೂರ್ತಿ ಸವೆದಿದೆ. ಹೋದ ವಾರ ಶಿವಮೊಗ್ಗದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಆಪರೇಷನ್ ಮಾಡಿಸಿದರೆ ನಡೆಯುತ್ತೀರಿ, ಮುಂದೂಡಿದರೆ ಕಷ್ಟ ಎಂದರು. ಸವೆತ ಬಹಳ ವರ್ಷದ್ದು ಎಂದೂ ಹೇಳಿದರು. ಆ ಮಾತಿನ ಹಿಂದೆ ನಾನು ಅಡಗಿಕೊಳ್ಳುವುದಿಲ್ಲ. ಆ ಕ್ಯಾಸಿನೋದ ಸುತ್ತ ನಿಮ್ಮನ್ನು ನಾಲ್ಕು ದಿನ ನಡೆಸಿದ್ದು ನಾನು. ಅವತ್ತು ನೀವು ಶಿವಮೊಗ್ಗದಿಂದ ಮನೆಗೆ ಬಂದು ಕಾಲು ನೀಡಿ ಕುಳಿತ ಮೇಲೆ ಹೇಳಿದಿರಿ: "ಸೋಮವಾರ ಹೂ ಕೇಳಾಣ ಸುಮಿ. ಬಲಕ್ಕೆ ಬಿದ್ರೆ ಮಾಡ್ಸಾದು, ಎಡಕ್ಕೆ ಬಿದ್ರೆ ಬ್ಯಾಡ. ನೀನೇ ಇಡು. ನಿನ್ನ ಕೈಯಾಗೆ ದೇವ್ರು ಸುಳ್ಳು ಹೇಳಾದಿಲ್ಲ."

ಎಡಕ್ಕೆ ಬಿದ್ದರೆ ನೀವು ಮತ್ತೆ ಡಾಕ್ಟರ ಬಾಗಿಲು ತುಳಿಯುವವರಲ್ಲ. ಅದು ನನಗೆ ಗೊತ್ತು.

ಇನ್ನೂ ಒಂದು ಒಪ್ಪಿಕೊಳ್ಳಬೇಕು. ಇವತ್ತು ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ನಾನು ದೇವರಕೋಣೆಯಲ್ಲಿ ಕುಳಿತು ಗಂಧ ತೇಯುತ್ತಿದ್ದೆ. ಎಷ್ಟು ದಪ್ಪಗೆ ತೇಯ್ದರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಲು. ಈ ಸಲ ಒಳ್ಳೆಯದಕ್ಕೇ ಅಲ್ಲವೇ ಎನ್ನುತ್ತಿತ್ತು ಮನಸ್ಸು — ಎಡಕ್ಕೆ ಗಂಧ, ಬಲಕ್ಕೆ ಒಂದು ಹನಿ ನೀರು, ಅಕ್ಕನಿಗೆ ಹೊಸ ಮಂಡಿ, ಯಾರಿಗೇನು ನಷ್ಟ? ಎಷ್ಟು ಸಲೀಸಾಗಿ ಬಂತು ಆ ಯೋಚನೆ! ಟಬ್ಬಿಗೆ ಮಾಡಿದ್ದನ್ನೇ ನಿಮ್ಮ ಕಾಲಿಗೂ ಮಾಡಲು ಹೊರಟಿದ್ದೆ. ನೀವು ಕಣ್ಣುಮುಚ್ಚಿ ಕುಳಿತಿರುವಾಗ, ನಿಮ್ಮ ಬದುಕಿನ ವಿಷಯವನ್ನು ನಿಮ್ಮ ಹಿಂದೆ ನಿಂತು ನಾನು ತೀರ್ಮಾನಿಸುವುದು. ಗಂಧದ ಕೊರಡನ್ನು ತೊಳೆದಿಟ್ಟು ಬಂದು ಈ ಹಾಳೆ ಹಿಡಿದೆ.

ಆದ್ದರಿಂದ ಸೋಮವಾರ ಹೂ ನಾನು ಇಡುವುದಿಲ್ಲ. ನಿಮಗೆ ಕೇಳಲೇಬೇಕೆಂದಿದ್ದರೆ ಬೇರೆಯವರ ಕೈಯಲ್ಲಿ ಕೇಳಿ. ನನ್ನ ಕೈಯಲ್ಲಿ ಸುಳ್ಳಿದೆ, ಆರು ವರ್ಷದಿಂದ ಇದೆ. ಹೇಳಬೇಕಾದ್ದನ್ನು ವೀರಭದ್ರನ ಭುಜದ ಮೇಲಿಟ್ಟು ಹೇಳಿಸದೆ ನಾನೇ ಹೇಳುತ್ತೇನೆ: ಅಕ್ಕ, ಆಪರೇಷನ್ ಮಾಡಿಸಿಕೊಳ್ಳಿ. ನೀವು ನಡೆಯಬೇಕು ಎಂದು ನನಗೆ ಆಸೆ. ಇಲ್ಲ ಎಂದರೆ ಕಾರಣ ಕೇಳುತ್ತೇನೆ, ಜಗಳವಾಡುತ್ತೇನೆ, ಕಣ್ಣೀರು ಹಾಕುತ್ತೇನೆ. ಎಲ್ಲವನ್ನೂ ನಿಮ್ಮ ಕಣ್ಣು ತೆರೆದಿರುವಾಗಲೇ ಮಾಡುತ್ತೇನೆ.

ಈ ಹಾಳೆಯನ್ನು ಚಕ್ಕುಲಿ ಡಬ್ಬದ ಮುಚ್ಚಳದ ಕೆಳಗೆ ಇಟ್ಟಿರುತ್ತೇನೆ. ದಿನಕ್ಕೆ ಹತ್ತು ಸಲ ನನಗೆಂದು ನೀವು ತೆರೆಯುವುದು ಅದನ್ನೇ. ಓದಿ ಮುಗಿಸುವವರೆಗೆ ನಾನು ಹಿತ್ತಿಲಲ್ಲಿ, ಆ ಮೆಸೇಜು ಅಳಿಸಿದ ಜಾಗದಲ್ಲೇ ನಿಂತಿರುತ್ತೇನೆ. ಅಲ್ಲಿಗೆ ಮೂರು ಮೆಟ್ಟಿಲಿದೆ, ನೀವು ಇಳಿಯಬೇಡಿ. ಕರೆದರೆ ಬರುತ್ತೇನೆ. ಕರೆಯದಿದ್ದರೂ ನಾನೇ ಬರುತ್ತೇನೆ.